ಕುರ್ಚಿಯ ಕಾಲಡಿಯ ಬಿಲ್ಲೆ

"ಕೈ ತೆಗಿಯಲೇ ಬೋಳಿಮಗ್ನೆ! ಕುರ್ಚಿ ಮುಟ್ಟಬ್ಯಾಡ ಅಂದ್ನೋ ಇಲ್ಲೋ?"

ಆಂಜನೇಯ ಕೈ ತೆಗೆದ. ದೋಣಿಯ ನಡುವೆ ಕುಕ್ಕರುಗಾಲಲ್ಲಿ ಕೂತವನು ನಟ್ಟು ಬಿಗಿಯುವ ಪಾನಾವನ್ನು ಮೊಣಕಾಲ ಮೇಲಿಟ್ಟುಕೊಂಡು ತಲೆಯೆತ್ತಿ ನೋಡಿದ. ದಡದ ಮೇಲೆ ವಿರೂಪಾಕ್ಷಪ್ಪ ಗೌಡರು ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಕುರ್ಚಿ ಅಲ್ಲಾಡ್ತೈತೆ, ಬಿಗಿ ಮಾಡು ಅಂದೋರು ನೀವೇ ಅಲ್ಲೇನ್ರೀ ಗೌಡ್ರೇ? ಮುಟ್ಟದೆ ಹೆಂಗ್ರೀ ಬಿಗಿ ಮಾಡ್ಲಿ? ಊದ್ಲಾ?"

"ಕಾಲು ಮುಟ್ಟು. ಕುರ್ಚಿ ಕಾಲು ಮುಟ್ಟಿದ್ರೆ ಸಾಕು. ಕುಂದ್ರೋ ಜಾಗ ಮುಟ್ಟಬ್ಯಾಡ."

ಕಾಲು ಮುಟ್ಟುವುದಕ್ಕೆ ಕೇರಿಯವರಿಗೆ ಎಂದೂ ಯಾರೂ ಅಡ್ಡಿ ಮಾಡಿದ್ದಿಲ್ಲ ಬಿಡಿ. ದಡದ ಮರಳಲ್ಲಿ ಕೇರಿಯ ಹೆಂಗಸರ ಜೊತೆ ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದ ದುರುಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ನಗು ಬಂದಿತ್ತು. ಆದರೆ ಗೌಡರ ಕಣ್ಣು ಅವಳ ಮೇಲೇ ಬಿತ್ತು.

"ಏನ್ ಕಿಸಿತೀಯ ಮೂದೇವಿ? ದೋಣಿ ಕಂಬಿ ಕಿತ್ತಾಕಿ ನೀನು. ನಿನ್ ಮೈದುನನ್ ಕೈಲಿ ನೀನೇ ರಿಪೇರಿ ಮಾಡಿಸ್ಬೇಕು. ಮೊದ್ಲು ಕುರ್ಚಿ, ಆಮ್ಯಾಲೆ ಕಂಬಿ. ನಾನು ತಿಂಡಿ ತಿಂದು ಬರೋದ್ರೊಳಗೆ ಕುರ್ಚಿ ಬಂಡೆಗಲ್ಲು ಆಗಿರ್ಬೇಕು."

ಗೌಡರು ಪಂಚೆ ಎತ್ತಿಕಟ್ಟಿ ಊರ ಕಡೆ ನಡೆದರು.

ಈ ಕುರ್ಚಿಯ ಚರಿತ್ರೆ ಹೊನ್ನಾಳಿ ಸೀಮೆಯ ಹೊಳೆಸಾಲಿನಲ್ಲಿ ಎಲ್ಲರಿಗೂ ಬಾಯಿಪಾಠ. ಗೌಡರು ಯಾವುದೋ ಸೊಸೈಟಿಗೆ ಅಧ್ಯಕ್ಷರಾಗಿದ್ದರು. ಮುಂದಿನ ಚುನಾವಣೆಯಲ್ಲಿ ಮಕಾಡೆ ಮಲಗಿದರು. ಅಧ್ಯಕ್ಷಗಿರಿ ಅಲ್ಲೇ ಉಳಿಯಿತು, ಕುರ್ಚಿ ಮಾತ್ರ ಗೌಡರ ಟ್ರ್ಯಾಕ್ಟರ್ ಹತ್ತಿ ಊರಿಗೆ ಬಂತು. ಮನೆಯಲ್ಲಿಟ್ಟರೆ ನೋಡುವವರು ಯಾರು? ಅದಕ್ಕೇ ತಮ್ಮ ಕಬ್ಬಿಣದ ದೋಣಿಯ ನಡುಮಧ್ಯದ ಹಲಗೆಗೆ ಸ್ಕ್ರೂ ಹೊಡೆಸಿ ಕೂರಿಸಿದರು. ಹೊಳೆಯಾಚೆ ಗೌಡರ ಭತ್ತದ ಗದ್ದೆ. ದಿನಾ ಬೆಳಿಗ್ಗೆ ಕೇರಿಯ ಹೆಂಗಸರು ಆ ದೋಣಿಯಲ್ಲಿ ಅಂಚಿನ ಕಂಬಿ ಹಿಡಿದು ನಿಂತು ದಾಟಬೇಕು. ಗೌಡರು ಬಾರದ ದಿನವೂ ಕುರ್ಚಿ ಮಾತ್ರ ತಪ್ಪದೆ ಹೊಳೆ ದಾಟುತ್ತದೆ. ಮಳೆ ಬಂದರೆ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಉಂಟು, ಹೆಂಗಸರಿಗೆ ಮಳೆ ಉಂಟು. ಅದನ್ನು ಮುಟ್ಟಬಾರದೆಂದು ಯಾರೂ ಬೋರ್ಡು ಹಾಕಿಲ್ಲ. ಹಾಕುವ ಅಗತ್ಯವೇ ಬಿದ್ದಿರಲಿಲ್ಲ.

ಹೋದ ವಾರ ಆದದ್ದೂ ಅದೇ. ನಡುಹೊಳೆಯಲ್ಲಿ ಬಂಡೆಯ ಪಕ್ಕ ಒಂದು ಸುಳಿ ಇದೆ. ಅಲ್ಲಿಗೆ ಬಂದಾಗ ದೋಣಿ ಒಂದು ಮಗ್ಗುಲಿಗೆ ವಾಲುತ್ತದೆ. ದುರುಗಮ್ಮನ ಕಾಲು ಜಾರಿತು. ಕುರ್ಚಿಯ ತೋಳು ಅವಳ ಕೈಗೇ ಸಿಗುವಂತಿತ್ತು. ಕೈ ಅದರ ಕಡೆ ಹೋಯಿತು ಕೂಡ. ಹೋದ ಕೈ ಕಾದ ಹಂಚು ಮುಟ್ಟಿದಂತೆ ತಾನಾಗಿಯೇ ಹಿಂದೆ ಬಂತು. ಬಂದು ಅಂಚಿನ ಕಂಬಿ ಹಿಡಿಯಿತು. ಕಂಬಿಯ ಸ್ಕ್ರೂ ತೂತುಗಳ ಥ್ರೆಡ್ಡು ಯಾವ ಕಾಲಕ್ಕೋ ಸವೆದು ಹೋಗಿ, ದೋಣಿ ನಡೆಸುವ ರಂಗಣ್ಣ ಅವಕ್ಕೆ ಬೆಂಕಿಕಡ್ಡಿ ತುರುಕಿ, ಸೈಕಲ್ ಟ್ಯೂಬಿನ ಚೂರು ಸುತ್ತಿ ಸ್ಕ್ರೂ ಕೂರಿಸಿದ್ದ. ಕಂಬಿ, ಕಡ್ಡಿ, ದುರುಗಮ್ಮ ಎಲ್ಲ ಒಟ್ಟಿಗೇ ಹೊಳೆಗೆ ಬಿದ್ದವು. ಈಜು ಬಾರದವಳು ಎರಡು ಸಲ ಮುಳುಗಿ ಎದ್ದಳು. ರಂಗಣ್ಣ ಜುಟ್ಟು ಹಿಡಿದು ಎಳೆದುಕೊಂಡ, ಆಮೇಲೆ ಕಂಬಿಯನ್ನೂ ಎತ್ತಿಕೊಂಡ.

ಅವತ್ತಿನಿಂದ ಕೇರಿಯಲ್ಲಿ ಅವಳ ಹೆಸರೇ ಬದಲಾಗಿತ್ತು. ಎಲ್ಲರಿಗಿಂತ ಹಿರಿಯಳಾದ ಅಜ್ಜಮ್ಮ ಈಗಲೂ ಪಕ್ಕದಲ್ಲಿ ಕೂತು ಅಡಿಕೆ ಅಗಿಯುತ್ತ ಅದನ್ನೇ ಎತ್ತಿದಳು.

"ಏನೇ ಹೊಳೆದುರುಗಿ, ಕುರ್ಚಿ ಹಿಡಿಯಾಕೆ ನಾಚಿಕೆ ಬಂತು, ಹೊಳಿಗೆ ಬೀಳಾಕೆ ಬರಲಿಲ್ಲೇನೇ ನಿಂಗೆ?"

"ನೀನಾಗಿದ್ರೆ ಹಿಡೀತಿದ್ದೇನಮ್ಮ?"

ಅಜ್ಜಮ್ಮನ ದವಡೆ ನಿಂತಿತು. "ನಾನಾ? ನಾನು ಹೊಳಿಯಾಗೂ ದೂರ ಹೋಗಿ ಬೀಳ್ತಿದ್ದೆ, ಗೌಡ್ರ ಕುರ್ಚಿಗೆ ನೀರು ಸಿಡೀಬಾರ್ದು ಅಂತ."

ಹೆಂಗಸರೆಲ್ಲ ಗೊಳ್ಳೆಂದರು. ದುರುಗಮ್ಮನೂ ನಕ್ಕಳು. ನಕ್ಕರೂ ಒಳಗೆ ಉರಿ ಇತ್ತು. ಗೌಡರ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅವಳಿಗೆ ತನ್ನ ಕೈಯ ಮೇಲೆ ಬಂದಿತ್ತು. ಸಾಯುವ ಹೊತ್ತಲ್ಲೂ ಧಣಿಯ ಮಾತು ಕೇಳಿದ ಕೈ ಅದು. ರಾತ್ರಿ ರೊಟ್ಟಿ ತಟ್ಟುವಾಗ ಅದನ್ನು ನೋಡಿ ನೋಡಿ ಬೈದಿದ್ದಳು. ಮತ್ತೆ ಆ ದೋಣಿ ಹತ್ತಲು ಈಗ ಅಂಜಿಕೆಯಾಗುತ್ತಿತ್ತು. ಹತ್ತದಿದ್ದರೆ ಆಚೆಯ ನಾಟಿ ಕೆಲಸ ಹೋಯಿತು. ಸೇತುವೆ ಸುತ್ತಿ ಹೋಗುವಷ್ಟರಲ್ಲಿ ಅರ್ಧ ಮಡಿ ನಾಟಿ ಮುಗಿದಿರುತ್ತದೆ. ಕಂಬಿ ಇವತ್ತೇ ನಿಲ್ಲಬೇಕಿತ್ತು.

ಆಂಜನೇಯ ನ್ಯಾಮತಿಯ ಗ್ಯಾರೇಜೊಂದರಲ್ಲಿ ಬೈಕ್ ರಿಪೇರಿ ಮಾಡುವವನು. ಅತ್ತಿಗೆ ಹೇಳಿಕಳಿಸಿದ್ದಕ್ಕೆ ಬ್ಯಾಟರಿ ಡ್ರಿಲ್ಲು, ಬೋಲ್ಟು, ಥ್ರೆಡ್ ಕೊರೆಯುವ ಟ್ಯಾಪು ಎಲ್ಲ ಚೀಲಕ್ಕೆ ತುಂಬಿಕೊಂಡು ಬಂದಿದ್ದ. ಬಂದವನು ಮೊದಲು ಜಂಬ ಕೊಚ್ಚಿದ.

"ಇಷ್ಟೇ ಏನು ಅತ್ಗೆ? ತೂತು ಸವೆದೈತೆ, ಅಷ್ಟೇ. ಒಂದು ಸೈಜು ದೊಡ್ಡದು ಕೊರೆದು, ಹೊಸಾ ಥ್ರೆಡ್ ಹಾಕಿ, ದಪ್ಪ ಬೋಲ್ಟ್ ಕೊಟ್ರೆ ನಿನ್ ಮೊಮ್ಮಕ್ಳ ಕಾಲಕ್ಕೂ ಅಲ್ಲಾಡಾಕಿಲ್ಲ."

ಗೌಡರು ಕಣ್ಣಿಗೆ ಮರೆಯಾದದ್ದೇ ಅವನು ಕುರ್ಚಿ ಬಿಟ್ಟು ಕಂಬಿಗೇ ಕೈಹಾಕಿದ. ಕೊರೆದ, ಟ್ಯಾಪು ಇಳಿಸಿದ, ತಿರುಗಿಸಿದ. ತುಕ್ಕು ತಿಂದ ಅಂಚು ಹಪ್ಪಳದಂತೆ ಪುಡಿಪುಡಿಯಾಗಿ ಉದುರಿತು. ಇನ್ನೊಂದು ತೂತಿನಲ್ಲಿ ಟ್ಯಾಪು ಟಕ್ಕೆಂದು ಮುರಿಯಿತು.

"ಮೊಮ್ಮಕ್ಳ ಕಾಲ ಬಂತೇನಪ್ಪಾ?" ಎಂದಳು ಅಜ್ಜಮ್ಮ.

ಆಂಜನೇಯ ಕಿವಿ ಕೆಂಪಗೆ ಮಾಡಿಕೊಂಡು ತಲೆ ಕೆರೆದ. "ಇದ್ರಾಗೆ ಕಬ್ಬಿಣಾನೇ ಇಲ್ಲ ಕಣಮ್ಮ, ಥ್ರೆಡ್ ಎಲ್ಲಿ ಹಿಡೀಬೇಕು? ಹಿಂದ್ಗಡೆ ದಪ್ಪ ಕಬ್ಬಿಣದ ಬಿಲ್ಲೆ ಕೊಟ್ಟು, ಬೋಲ್ಟು ಆರುಪಾರು ಹಾಯಿಸಿ ನಟ್ಟು ಬಿಗೀಬೇಕು. ಬಿಲ್ಲೆ ತಂದಿಲ್ಲ ನಾನು. ನ್ಯಾಮತಿಗೆ ಹೋಗಿ ತರ್ಬೇಕು. ನಾಳೆ ಬರ್ತೀನಿ."

"ನಾಳೆ ಅಂದ್ರೆ ಇವತ್ತು ಏನು ಹಿಡ್ಕಂಡು ದಾಟ್ಲಿ? ನಿನ್ ಜುಟ್ಟಾ?" ಎಂದಳು ದುರುಗಮ್ಮ.

ರಂಗಣ್ಣ ದೋಣಿ ನೂಕುವ ಗಳುವಿಗೆ ಗಲ್ಲ ಆನಿಸಿ ನಿಂತಿದ್ದವನು ಯಾರಿಗೋ ಎಂಬಂತೆ ಹೇಳಿದ. "ದಪ್ಪ ಬಿಲ್ಲೆ ಈ ದೋಣಿಯಾಗೇ ಅದಾವೆ. ಕುರ್ಚಿ ಕಾಲಿನಡಿ. ಗೌಡ್ರ ಭಾರ ತಡೀಲಿ ಅಂತ ಒಂದೊಂದು ಕಾಲಿಗೂ ಒಂದೊಂದು ಹಾಕ್ಸಿದಾರೆ. ನಾನು ಹೇಳಿಲ್ಲ ಮತ್ತೆ."

ಎಲ್ಲರೂ ಕುರ್ಚಿ ನೋಡಿದರು. ಅದು ಹಿಂದೆ ಒರಗಿಕೊಂಡು ಹೊಳೆ ನೋಡುತ್ತ ಕೂತಿತ್ತು.

"ಬ್ಯಾಡ ಅತ್ಗೆ," ಎಂದ ಆಂಜನೇಯ. "ನನ್ನ ಚರ್ಮ ಸುಲೀತಾರೆ."

ದುರುಗಮ್ಮ ಎದ್ದಳು. ಬುತ್ತಿಗಂಟು ಅಜ್ಜಮ್ಮನ ಮಡಿಲಿಗೆ ಹಾಕಿ ನೀರಿಗಿಳಿದು ದೋಣಿ ಹತ್ತಿದಳು. ಕುರ್ಚಿಯ ಎದುರು ನಿಂತಳು. ಕೈ ಚಾಚಿದಳು. ಕೈ ಮತ್ತೆ ಹಿಂದೆ ಬಂತು, ಹಾಳಾದ್ದು. "ಥೂ ನಿನ್ನ," ಎಂದು ಕೈಗೇ ಉಗಿದು ಎರಡೂ ತೋಳುಗಳನ್ನು ಗಟ್ಟಿಯಾಗಿ ಹಿಡಿದಳು. ತೋಳು ಬಿಸಿಲಿಗೆ ಬೆಚ್ಚಗಿತ್ತು, ಬೇರೇನೂ ಆಗಲಿಲ್ಲ.

"ನಾನು ಹಿಡ್ಕಂಡಿದೀನಿ. ನೀನು ಕಾಲು ಮುಟ್ಟು. ಗೌಡ್ರೇ ಹೇಳ್ಯಾರಲ್ಲ, ಕಾಲು ಮುಟ್ಟಬೋದು ಅಂತ. ಬಿಚ್ಚು."

ಆಂಜನೇಯ ಅತ್ತಿಗೆಯ ಮುಖ ನೋಡಿದ, ಊರ ದಾರಿ ನೋಡಿದ, ಪಾನಾ ಹಾಕಿದ.

ಕುರ್ಚಿ ಕಿರುಗುಟ್ಟುತ್ತ ಎದ್ದುಬಂತು. ದುರುಗಮ್ಮನೂ ರಂಗಣ್ಣನೂ ಅದನ್ನು ಎತ್ತಿ ದಡದ ಮರಳ ಮೇಲೆ ಇಳಿಸಿದರು. "ಒಂದು ಗಳಿಗೆ ಕುಂತು ನೋಡ್ಲೇನೇ?" ಎಂದ ಅಜ್ಜಮ್ಮ ಹತ್ತಿರ ಹೋಗಿ, ಸೆರಗಿನಿಂದ ಅದರ ಧೂಳು ಒರೆಸಿ, ಸುತ್ತ ನೋಡಿ, ಮೂಗು ಮುರಿದು ವಾಪಸು ಬಂದಳು. "ಥೂ, ಗೌಡ್ರ ಬೆವರ ವಾಸ್ನೆ."

ಬಿಲ್ಲೆಗಳು ಕಂಬಿಯ ಹಿಂದೆ ಹೇಳಿ ಮಾಡಿಸಿದ ಹಾಗೆ ಕೂತವು. ಆಂಜನೇಯ ಬೋಲ್ಟು ಹಾಯಿಸಿ, ನಟ್ಟು ಕೊಟ್ಟು, ಹಲ್ಲು ಕಚ್ಚಿ ಬಿಗಿದ. ಹೆಂಗಸರು ಒಬ್ಬೊಬ್ಬರೇ ದೋಣಿ ಹತ್ತಿ ಕಂಬಿಗೆ ಜೋತುಬಿದ್ದು ಜಗ್ಗಿ ನೋಡಿದರು. ದೋಣಿ ವಾಲಿತು, ಕಂಬಿ ಮಿಸುಕಲಿಲ್ಲ.

ಅಷ್ಟರಲ್ಲಿ ಗೌಡರು ಬಂದರು. ಬಂದವರು ದಡದಲ್ಲಿ ಒಂಟಿಯಾಗಿ ನಿಂತ ಕುರ್ಚಿಯನ್ನು ನೋಡಿ ಅಲ್ಲೇ ನಿಂತರು.

"ಯಾವ ಸೂಳೆಮಗ ಕಿತ್ತಿದ್ದು?"

ಆಂಜನೇಯ ಬಾಯಿ ತೆರೆಯುವ ಮೊದಲೇ ದುರುಗಮ್ಮ ಹೇಳಿದಳು. "ನಾನು ಕೀಳ್ಸಿದ್ದು ಗೌಡ್ರೇ. ಅದ್ರ ಬಿಲ್ಲೆ ಕಂಬಿಗೆ ಬೇಕಾಗಿತ್ತು."

"ನಿಮ್ಮಪ್ಪನ ಮನೆ ಬಿಲ್ಲೇನೇ? ಬಿಚ್ಚಲೇ ಅದನ್ನ! ಮೊದ್ಲಿದ್ದಂಗೆ ಕುರ್ಚಿ ಕೂರ್ಸು!"

"ಬಿಚ್ಚಿದ್ರೆ ಕಂಬಿ ಬೀಳ್ತೈತ್ರೀ," ಎಂದ ಆಂಜನೇಯ. "ಹಿಡ್ಕಂಡೋರೂ ಬೀಳ್ತಾರೆ."

"ಬೀಳ್ಲಿ!"

ಹೆಂಗಸರೆಲ್ಲ ಗೌಡರ ಕಡೆ ತಿರುಗಿದರು. ಕೇರಿಯ ಜೀವಕ್ಕೆ ಬೆಲೆ ಇಲ್ಲವೆಂದು ಅವರಿಗೆ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿತ್ತು. ಆದರೆ ಒಂದೇ ಪದದಲ್ಲಿ, ಇಷ್ಟು ಚಿಕ್ಕದಾಗಿ ಯಾರೂ ಹೇಳಿರಲಿಲ್ಲ. ಅಜ್ಜಮ್ಮ ಬಾಯಲ್ಲಿದ್ದ ಅಡಿಕೆಯನ್ನು ನೀರಿಗೆ ಉಗಿದು ಕಂಬಿಗೆ ಎರಡೂ ಕೈ ಹಾಕಿದಳು. ಅವಳ ಪಕ್ಕದವಳು ಹಾಕಿದಳು, ಅವಳ ಪಕ್ಕದವಳೂ. ಕಂಬಿಯುದ್ದಕ್ಕೂ ಕೈಗಳೇ ಕೈಗಳು. ದುರುಗಮ್ಮ ಮೈದುನನ ಕೈಯಿಂದ ಪಾನಾ ಕಸಿದುಕೊಂಡು ಗೌಡರ ಕಡೆ ಚಾಚಿದಳು.

"ಬರ್ರಿ. ನೀವೇ ಬಿಚ್ಚಿ."

ಗೌಡರು ಪಾನಾ ನೋಡಿದರು. ಅದನ್ನು ತೆಗೆದುಕೊಳ್ಳಬೇಕಾದರೆ ಅವಳ ಕೈಗೆ ಕೈ ಚಾಚಬೇಕು.

"ನಾಳಿಂದ ಒಬ್ರೂ ಗದ್ದಿಗೆ ಕಾಲಿಡಬ್ಯಾಡ್ರಿ!"

"ನಾಳೆದು ನಾಳೆ ನೋಡಾನ ಬಿಡ್ರಿ," ಎಂದಳು ಅಜ್ಜಮ್ಮ. "ನಿನ್ನೆ ಕಿತ್ತಿಟ್ಟ ಸಸಿ ಆಚಿಗೆ ಬಾಡಾಕ ಹತ್ಯಾವೆ. ನೀವು ಬರ್ತೀರೋ, ಇಲ್ಲಾ ಕುರ್ಚಿ ಮ್ಯಾಲೆ ಕುಂತು ನಮ್ಮನ್ನ ನೋಡ್ತೀರೋ? ಜಾಗ ಬಾಳ ಚೆನ್ನಾಗೈತೆ, ಗಾಳಿನೂ ಬರ್ತೈತೆ."

ಯಾರೋ ಕಿಸಕ್ಕೆಂದರು. ಗೌಡರಿಗೆ ಮುಖ ಇಟ್ಟುಕೊಳ್ಳಲು ಜಾಗವಿರಲಿಲ್ಲ. ಇವರ ಮಾತಿಗೆ ದಡದಲ್ಲೇ ಉಳಿದರೆ ಗೌಡಿಕೆ ಏನಾಯಿತು? ಇವತ್ತು ಆಳು ಬಿಟ್ಟರೆ ಸಸಿ ಹಾಳು. ಬೈಯುತ್ತಲೇ ದೋಣಿ ಹತ್ತಿದರು. ನಡುಮಧ್ಯೆ, ಕುರ್ಚಿ ಇದ್ದ ಜಾಗದಲ್ಲೇ, ಖಾಲಿ ತೂತುಗಳ ಮೇಲೆ ಕಾಲು ಅಗಲಿಸಿ ನಿಂತರು. ದಿನವಾದರೆ ಅವರು ಹತ್ತಿದೊಡನೆ ಹೆಂಗಸರು ಸೆರಗು ಸೆಳೆದುಕೊಂಡು ಹಿಂದಕ್ಕೆ ಮುದುರುತ್ತಿದ್ದರು. ಇವತ್ತು ಒಬ್ಬಳೂ ಜಾಗ ಬಿಡಲಿಲ್ಲ.

ರಂಗಣ್ಣ ಗಳು ಒತ್ತಿದ. ದಡ ಹಿಂದೆ ಸರಿಯಿತು. ಮರಳ ಮೇಲೆ ಕುರ್ಚಿ, ಅದರ ಪಕ್ಕ ಚೀಲ ಹೆಗಲಿಗೇರಿಸಿ ಇಳಿದಿದ್ದ ಆಂಜನೇಯ, ಎರಡೂ ಚಿಕ್ಕದಾಗುತ್ತ ಹೋದವು. ಅವನು ಕುರ್ಚಿಯ ತೋಳಿನ ಮೇಲೆ ಅಂಡೂರಿ ಬೀಡಿ ಹಚ್ಚಿಕೊಂಡದ್ದು ದುರುಗಮ್ಮನಿಗೆ ಕಂಡಿತು. ಗೌಡರು ಆ ಕಡೆ ತಿರುಗಲಿಲ್ಲ.

ಬಂಡೆ ಹತ್ತಿರ ಬಂತು. ದುರುಗಮ್ಮ ಕಂಬಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ದೋಣಿ ಸುಳಿಯ ಮೇಲೆ ಬಂದು ವಾಲಿತು. ಕಂಬಿ ನಿಂತಿತು. ಹೆಂಗಸರೂ ನಿಂತರು.

ಗೌಡರ ಚಪ್ಪಲಿ ಜಾರಿತು. ಹಿಡಿಯಲು ಏನಾದರೂ ಸಿಗುತ್ತದೇನೋ ಎಂದು ಕೈ ಗಾಳಿಯಲ್ಲಿ ತಡಕಾಡಿ ಕಂಬಿಯ ಕಡೆ ಬಂತು. ಅಲ್ಲಿ ಸಾಲಾಗಿ ಕೈಗಳಿದ್ದವು. ನಡುವೆ, ದುರುಗಮ್ಮನ ಬೆರಳಿಗೆ ತಾಗಿಕೊಂಡೇ, ಇನ್ನೊಂದು ಕೈಗಷ್ಟೇ ಸಾಲುವ ತೆರಪಿತ್ತು. ಬಂದ ಕೈ ಅಲ್ಲಿ ನಿಂತಿತು. ಆಮೇಲೆ ಹಿಂದೆ ಸರಿಯಿತು.

ಆ ಸರಿಯುವಿಕೆಯ ಗುರುತು ದುರುಗಮ್ಮನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಯ್ಯೋ ಅನ್ನಿಸಿತು, ನಗುವೂ ಬಂತು.

"ಹಿಡ್ಕಳ್ರಿ ಗೌಡ್ರೇ," ಎಂದಳು. "ಬಿಗಿಯಾಗೈತೆ. ನಿಮ್ದೇ ಬಿಲ್ಲೆ."

ತನ್ನ ಕೈಯನ್ನು ಮಾತ್ರ ಅವಳು ಆಚೆ ಸರಿಸಲಿಲ್ಲ. ದೋಣಿ ಇನ್ನಷ್ಟು ವಾಲಿತು. ಗೌಡರ ಕೈ ಇನ್ನೂ ಗಾಳಿಯಲ್ಲೇ ಇತ್ತು.