ಮಗ್ಗ ನಿಂತರೆ ಓಣಿಗೆಲ್ಲ ಗೊತ್ತಾಗುತ್ತದೆ

ಬೆಟಗೇರಿಯ ಆ ನೇಕಾರರ ಓಣಿಯಲ್ಲಿ ಯಾರ ಮನೆಯಲ್ಲಿ ಏನು ನಡೆದಿದೆ ಎಂದು ತಿಳಿಯಲು ಬಾಗಿಲು ಬಡಿಯಬೇಕಾಗಿಲ್ಲ. ಸುಮ್ಮನೆ ಕಿವಿಗೊಟ್ಟರೆ ಸಾಕು. ಮಗ್ಗ ಆಡುತ್ತಿದ್ದರೆ ಮನೆಯಲ್ಲಿ ಎಲ್ಲ ಚೆನ್ನಾಗಿದೆ. ಹೊತ್ತಲ್ಲದ ಹೊತ್ತಿನಲ್ಲಿ ನಿಂತರೆ ಅಲ್ಲಿ ಜಡ್ಡೋ ಜಗಳವೋ ಸಾವೋ ಬಂದಿದೆ.

ಕೊರೊನಾ ಎರಡನೇ ಸಲ ಬಂದು ಮತ್ತೆ ಲಾಕ್‌ಡೌನ್ ಆದಾಗ ಈ ಸದ್ದು ಇನ್ನೂ ನಿಚ್ಚಳವಾಗಿ ಕೇಳತೊಡಗಿತು. ಗದಗಿನ ಕಡೆ ಹೋಗುವ ಬಸ್ಸಿಲ್ಲ, ಆಟೋ ಇಲ್ಲ. ಬೆಳಿಗ್ಗೆ ಒಂದಿಷ್ಟು ಹೊತ್ತು ಕಾಯಿಪಲ್ಲೆ, ಕಿರಾಣಿ ಸಿಗುತ್ತಿತ್ತು. ಆಮೇಲೆ ಪೊಲೀಸರು ಸೀಟಿ ಊದುತ್ತ ಬರುತ್ತಿದ್ದರು, ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಹೊಸ ನೂಲು ಬರುವುದು ನಿಂತಿತ್ತು. ಮನೆಯಲ್ಲಿ ಉಳಿದ ನೂಲನ್ನೇ ಜನ ನಿಧಾನವಾಗಿ ನೇಯುತ್ತಿದ್ದರು.

ಅಂಥ ದಿನಗಳಲ್ಲಿ ಮುತ್ತವ್ವನ ಗಂಡ ಪುಂಡಲೀಕಪ್ಪನಿಗೆ ಜ್ವರ ಬಂತು. ಮೊದಲು ಮೈಕೈ ನೋವು, ಆಮೇಲೆ ಕೆಮ್ಮು.

"ನೂಲಿನ ಧೂಳಾ ಅದು. ನಾಳಿಗೆ ಆರಾಮ ಆಕ್ಕೈತಿ," ಎಂದು ಅವನು ಕಂಬಳಿ ಹೊದ್ದು ಮಲಗಿದ.

ಮರುದಿನ ಮುತ್ತವ್ವ ಬೆಳ್ಳುಳ್ಳಿ ಒಗ್ಗರಣೆ ಹಾಕಿದ ಸಾರು ಕೊಟ್ಟಳು. ಅಡುಗೆಮನೆಯ ತುಂಬ ಘಮ್ಮೆನ್ನುತ್ತಿದ್ದರೂ ಅವನಿಗೆ ವಾಸನೆಯೇ ಹತ್ತಲಿಲ್ಲ. ಇದು ಕೊರೊನಾವೇ ಇರಬೇಕೆಂದು ಮುತ್ತವ್ವನಿಗೆ ಅನ್ನಿಸಿತು. ಆದರೆ ಬಾಯಿ ಬಿಡಲಿಲ್ಲ.

ಅವಳಿಗೆ ಎರಡು ಭಯಗಳಿದ್ದವು. ಒಂದು ಓಣಿಯದು. ಹಿಂದಿನ ಓಣಿಯಲ್ಲಿ ಒಬ್ಬರಿಗೆ ಕೊರೊನಾ ಬಂದಾಗ ಬಿದಿರು ಕಟ್ಟಿ ದಾರಿ ಮುಚ್ಚಿದ್ದರು. ಹಾಲಿನವನು ಆ ಕಡೆ ಹಾಯಲಿಲ್ಲ. ಬೆಟಗೇರಿಯಲ್ಲಿ ನಳದ ನೀರು ಬರುವುದೇ ಎಷ್ಟೋ ದಿನಕ್ಕೊಮ್ಮೆ. ಬಂದ ದಿನ ಆ ಮನೆಯವರ ಕೊಡ ಮುಟ್ಟಲು ಯಾರೂ ಮುಂದಾಗಲಿಲ್ಲ. ಇನ್ನೊಂದು ಭಯ ಮಗಳದು. ಮಗಳು ಶೈಲಾಳನ್ನು ಚೊಚ್ಚಲ ಬಾಣಂತನಕ್ಕೆಂದು ಶಿಗ್ಲಿಯಿಂದ ಕರೆತಂದಿದ್ದಳು. ಎಂಟು ತುಂಬಿ ಒಂಬತ್ತರಲ್ಲಿ ಬಿದ್ದಿತ್ತು. ಈಗ ಮನೆಗೆ ಕೊರೊನಾ ಎಂಬ ಹೆಸರು ಬಂದರೆ ಹೆರಿಗೆಗೆ ಯಾರು ಮುಟ್ಟುತ್ತಾರೆ ಎಂಬುದೇ ಅವಳ ಚಿಂತೆ.

ಹಾಗಾಗಿ ಗಂಡನಿಗೆ ತಾಟು ಬೇರೆ ಮಾಡಿದಳು, ಲೋಟ ಬೇರೆ ಮಾಡಿದಳು, ಹಾಸಿಗೆಯನ್ನು ಒಳಗಿನ ಕೋಣೆಗೆ ಹಾಕಿದಳು. ತನ್ನ ಮಟ್ಟಿಗೆ ಎಲ್ಲ ಬಂದೋಬಸ್ತು ಆಯಿತು ಎಂದುಕೊಂಡಳು. ಉಳಿದದ್ದು ಒಂದೇ, ಮಗ್ಗದ ಸದ್ದು.

"ಶೈಲಾ," ಎಂದು ಮೆಲ್ಲಗೆ ಕರೆದಳು. "ಒಂದೀಟು ಮಗ್ಗದಾಗ ಕುಂಡ್ರತೀಯೇನವ್ವಾ? ಭಾಳ ಹೊತ್ತು ಬ್ಯಾಡ. ಸದ್ದು ಕೇಳಿದ್ರ ಸಾಕು."

ಶೈಲಾಳದು ಮೊದಲಿನಿಂದಲೂ ಮಾತು ಕಡಿಮೆ. ಮದುವೆಗೆ ಮುಂಚೆ ಅಪ್ಪನ ಜೊತೆ ನೇಯ್ದು ಬೆಳೆದವಳು. ಅವ್ವನ ಮುಖ ನೋಡಿದಳು, ಗೋಡೆ ಹಿಡಿದು ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಳು. ಮಗ್ಗ ಆಡತೊಡಗಿತು.

ಆ ಹೊತ್ತಿಗೇ ಆಶಾ ಕಾರ್ಯಕರ್ತೆ ಮಂಜುಳಾ ಮನೆ ಮನೆ ಕೇಳುತ್ತ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಮಾಸ್ಕು ಬೆವರಿನಿಂದ ತೊಯ್ದಿತ್ತು.

"ಚಿಗವ್ವಾ, ಮನ್ಯಾಗ ಯಾರಿಗರೆ ಜ್ವರ, ಕೆಮ್ಮು ಏನರೆ ಅದಾವೇನ್ರಿ?"

ಮುತ್ತವ್ವ ಬಾಗಿಲಿಗೆ ಅಡ್ಡ ನಿಂತಳು. "ಯಾರಿಗೂ ಏನೂ ಇಲ್ಲವ್ವಾ. ಕೇಳಂಗಿಲ್ಲೇನು, ಮಗ್ಗ ನಡದೈತಿ."

"ಶೈಲಾ ಹೆಂಗದಾಳ್ರಿ?"

"ಅದಾಳ. ಮಲಗ್ಯಾಳ."

ಮಂಜುಳಾ ಕೈಯಲ್ಲಿದ್ದ ಪಟ್ಟಿಯಲ್ಲಿ ಗುರುತು ಹಾಕಿಕೊಂಡಳು. "ಏನರೆ ಇದ್ರ ಫೋನ್ ಹಚ್ಚರಿ. ಮುಚ್ಚಿಡಬ್ಯಾಡ್ರಿ," ಎಂದು ಮುಂದಿನ ಮನೆಗೆ ಹೋದಳು.

ಮಂಜುಳಾಳಿಗೆ ಸುಳ್ಳು ಹೇಳಿದ್ದಾಯಿತು. ಆದರೆ ಪಕ್ಕದ ಮನೆಯ ಜನ್ನತಬಿಗೆ ಹೇಳುವುದು ಅಷ್ಟು ಸುಲಭವಾಗಿರಲಿಲ್ಲ. ಅವಳದೂ ನೇಯುವ ಮನೆ. ಇಪ್ಪತ್ತು ವರ್ಷದಿಂದ ನಡುಗೋಡೆಯ ಆಚೆ ಪುಂಡಲೀಕಪ್ಪನ ಮಗ್ಗ ಕೇಳುತ್ತಲೇ ಅಡುಗೆ ಮಾಡಿದವಳು. ಅವನನ್ನು ಅಣ್ಣ ಎಂದೂ ಮುತ್ತವ್ವನನ್ನು ವೈನಿ, ಅಂದರೆ ಅತ್ತಿಗೆ, ಎಂದೂ ಕರೆಯುವವಳು. ಮಧ್ಯಾಹ್ನ ಹಿತ್ತಿಲ ಗೋಡೆಯ ಆಚೆ ಬಂದು, ಮೂಗು ಬಾಯಿ ಮುಚ್ಚಿಕೊಂಡು, ಮುತ್ತವ್ವನನ್ನು ಕರೆದಳು.

"ವೈನೀ, ಅಣ್ಣ ಎಲ್ಲಿ?"

"ನೇಯಾಕತ್ತಾರಲ್ಲ. ಕಿವಿ ಕೇಳಂಗಿಲ್ಲೇನು ನಿನಗ?"

"ಕಿವಿ ಕೇಳ್ತೈತಿ, ಅದಕ್ಕ ಬಂದೇನಿ. ಅದು ಅಣ್ಣನ ಕೈ ಅಲ್ಲ. ಅಣ್ಣ ಹೊಡದ್ರ ಪೆಟ್ಟು ಸಮಾ ಬೀಳತಾವ. ಇದು ನಾಕು ಹೊಡದು ದಣಿವಾರಿಸಿಕೊಳ್ಳಾಕತ್ತೈತಿ."

ಮುತ್ತವ್ವ ಒಣಹಾಕಿದ ಬಟ್ಟೆಯನ್ನು ಮತ್ತೆ ಮತ್ತೆ ಕೊಡವಿದಳು.

"ದಿನ ತುಂಬಿದ ಹುಡುಗೀನ್ನ ಕುಣ್ಯಾಗ ಇಳಿಸೀಯೇನು?" ಎಂದಳು ಜನ್ನತಬಿ. ದನಿ ಏರಿಸಲಿಲ್ಲ. "ಅಣ್ಣಗ ಜ್ವರ ಬಂದಾವ ಹೌದಿಲ್ಲೋ?"

"ಸಣ್ಣಗ ಹೇಳ. ಓಣಿ ಕೇಳತೈತಿ."

"ಓಣಿ ಕೇಳಲಿ ಅಂತನ ನೀ ಮಗ್ಗ ಆಡಸಾಕತ್ತೀಯಲ್ಲ ವೈನಿ, ಈಗ ಯಾಕ ಅಂಜಿಕಿ?"

ಮುತ್ತವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು. "ನಾ ಏನೂ ತಿಳೀಲಾರದಾಕಿ ಅಲ್ಲ. ತಾಟು ಬ್ಯಾರೆ ಮಾಡೇನಿ, ಹಾಸಗಿ ಬ್ಯಾರೆ ಮಾಡೇನಿ. ಮಗಳನ್ನ ಅವರ ಕೋಣ್ಯಾಗ ಕಳಿಸಿಲ್ಲ. ಇನ್ನೇನು ಮಾಡಬೇಕು?"

"ಲಾಳಿ ಬ್ಯಾರೆ ಮಾಡೀಯೇನು?"

ಮುತ್ತವ್ವ ತಿರುಗಿ ಮಗ್ಗದ ಕೋಣೆಯ ಕಡೆ ನೋಡಿದಳು.

ಲಾಳಿ ಎಂದರೆ ಅಡ್ಡ ಎಳೆಯನ್ನು ಹೊತ್ತು ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಕಟ್ಟಿಗೆ. ಅದರ ಪಕ್ಕದಲ್ಲಿ ಒಂದು ಸಣ್ಣ ತೂತು ಇರುತ್ತದೆ. ನೂಲು ತೀರಿದಾಗ ಹೊಸ ಕಂಡಿಕೆ, ಅಂದರೆ ನೂಲು ಸುತ್ತಿದ ಕೊಳವೆ, ಹಾಕಿ, ಆ ತೂತಿಗೆ ಬಾಯಿ ಹಚ್ಚಿ ಉಸಿರು ಎಳೆದರೆ ಎಳೆ ಹೊರಗೆ ಬರುತ್ತದೆ. ನೇಕಾರರ ಮನೆಯ ಮಕ್ಕಳು ಹೇಳಿಕೊಡದೆಯೇ ಕಲಿಯುವ ಕೆಲಸ ಅದು. ದಿನಕ್ಕೆ ಎಷ್ಟು ಸಲ ಹಾಗೆ ಮಾಡುತ್ತೇವೆ ಎಂದು ಯಾರಿಗೂ ನೆನಪಿರುವುದಿಲ್ಲ. ಜ್ವರ ಬರುವ ದಿನದವರೆಗೂ ಪುಂಡಲೀಕಪ್ಪ ಬಾಯಿ ಹಚ್ಚಿದ್ದು ಅದೇ ಲಾಳಿಗೆ.

"ಲಾಳಿ ಒಂದ ಅಲ್ಲ," ಎಂದಳು ಜನ್ನತಬಿ. "ಆ ಮಗ್ಗದ ಕೋಣ್ಯಾಗ ಕಿಡಕಿ ಮುಚ್ಚಿರತೀರಿ, ಎಳಿ ಒಣಗಿ ಹರೀತಾವಂತ. ಅಣ್ಣ ಅದರಾಗ ಕೆಮ್ಮ್ಯಾನ, ಮಗಳು ಅದರಾಗ ಕುಂತಾಳ. ಈ ಬ್ಯಾನಿ ಹೆಚ್ಚಾಗಿ ಹರಡೂದು ಗಾಳಿಯಿಂದ ವೈನಿ. ಮುಚ್ಚಿದ ಕೋಣೀನ ಅದರ ಮನಿ."

"ಹೇಳಿದ್ರ ದವಾಖಾನಿಗೆ ಒಯ್ತಾರ. ಹೋದವರು ತಿರುಗಿ ಬರಂಗಿಲ್ಲ ಅಂತಾರಲ್ಲ."

"ನಮ್ಮ ತವರಿನ ಅಣ್ಣ ಮಹಬೂಬಸಾಬ ದವಾಖಾನಿಗೆ ಹೋಗಿ ಬರಲಿಲ್ಲೇನು? ಬಂದು ಈಗ ಚಾ ಸಪ್ಪಗಾತು ಅಂತ ಹೆಂಡತಿ ಜೋಡಿ ಜಗಳಾ ಮಾಡಾಕತ್ತಾನ. ಜಲ್ದಿ ಹೋಗಿದ್ದ, ಅದಕ್ಕ ಬಂದ. ಉಸುರು ಸಾಲದಂಗ ಆದಮ್ಯಾಲೆ ಒಯ್ದ್ರ ಡಾಕ್ಟರರ ಏನು ಮಾಡ್ಯಾರು?"

ಒಳಗೆ ಮಗ್ಗ ಒಮ್ಮೆ ತಡವರಿಸಿ ಮತ್ತೆ ಆಡಿತು.

"ಮಂಜುಳಾಗ ನಾ ಹೇಳಬಹುದು," ಎಂದಳು ಜನ್ನತಬಿ. "ಹೇಳಂಗಿಲ್ಲ. ನಿನ್ನ ಮನಿ, ನೀನ ಹೇಳು. ಆದ್ರ ಆ ಹುಡುಗೀನ್ನ ಮೊದಲು ಎಬ್ಬಿಸು."

ಮುತ್ತವ್ವ ಒಳಗೆ ಬಂದಳು. ಶೈಲಾ ಹೊಸ ಕಂಡಿಕೆ ಹಾಕಿ ಲಾಳಿಯನ್ನು ಬಾಯಿಯ ಹತ್ತಿರ ಒಯ್ದಿದ್ದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಮುತ್ತವ್ವ ಆ ಲಾಳಿಯನ್ನು ಅವಳ ಕೈಯಿಂದ ತೆಗೆದುಕೊಂಡಳು.

"ಸಾಕು. ಏಳವ್ವಾ."

"ಸದ್ದು ನಿಂತ್ರ ಕೇಳತಾರಲ್ಲಬೇ?"

"ಕೇಳಲಿ. ಹೇಳತೇನಿ."

ಮಗ್ಗ ನಿಂತಿತು. ಹಾಡುಹಗಲಲ್ಲಿ ನಿಂತ ಮಗ್ಗವನ್ನು ಕೇಳಿ ಎದುರುಮನೆಯ ಮಂಜವ್ವ ಕಿಟಕಿಯಿಂದ ಇಣುಕಿದಳು. ಮುತ್ತವ್ವ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ನಿಂತಳು. ಓಣಿಗೆಲ್ಲ ಕೇಳುವಂತೆ ಹೇಳಿದಳು.

"ನಮ್ಮನ್ಯಾವರಿಗೆ ಜ್ವರ ಬಂದಾವ. ವಾಸನಿ ಹತ್ತವಲ್ಲದು. ಮಂಜುಳಾಗ ಫೋನ್ ಮಾಡಾಕತ್ತೇನಿ. ಯಾರೂ ಹತ್ತರ ಬರಬ್ಯಾಡ್ರಿ."

"ಅಯ್ಯ, ಮುಂಜಾನೆ ಏನೂ ಇಲ್ಲ ಅಂದೆಲ್ಲ," ಎಂದಳು ಮಂಜವ್ವ.

"ಅಂದಿದ್ದೆ. ಸುಳ್ಳ ಹೇಳಿದ್ದೆ."

ಮಂಜವ್ವ ಕಿಟಕಿಯಿಂದ ಒಳಗೆ ಸರಿದಳು.

ಮಂಜುಳಾ ಬಂದು ಬೈಯಲಿಲ್ಲ. ಮೊದಲು ಕಿಟಕಿ ತೆರೆಸಿದಳು, ಎಲ್ಲರಿಗೂ ಮಾಸ್ಕು ಕೊಟ್ಟಳು. ಪುಂಡಲೀಕಪ್ಪನ ಬೆರಳಿಗೆ ಒಂದು ಸಣ್ಣ ಯಂತ್ರ ಸಿಗಿಸಿದಳು. ಅದು ಒಣಹಾಕಿದ ಬಟ್ಟೆಗೆ ಸಿಗಿಸುವ ಕ್ಲಿಪ್ಪಿನಂತೆ ಇತ್ತು.

"ಇಷ್ಟ ಸಣ್ಣದು ನನ್ನ ಜೀವ ಅಳೀತೈತೇನು?" ಎಂದು ಅವನು ಕೆಮ್ಮುತ್ತಲೇ ನಕ್ಕ.

"ಜೀವ ಅಲ್ಲ ಕಾಕಾ, ರಕ್ತದಾಗಿನ ಆಕ್ಸಿಜನ್. ತೊಂಬತ್ನಾಕರ ಕೆಳಗ ಬಂದ್ರ ಮನ್ಯಾಗ ಇರೂದು ಬ್ಯಾಡ. ನಿಮ್ಮದು ತೊಂಬತ್ತೊಂದು ತೋರಸಾಕತ್ತೈತಿ."

"ನನಗೇನೂ ತ್ರಾಸ ಅನಸವಲ್ಲದು."

"ಅದ ಇದರ ಮೋಸ. ಅನಸೂದರಾಗ ತಡಾ ಆಗಿರತೈತಿ."

ನೂರಾ ಎಂಟಕ್ಕೆ ಫೋನ್ ಹೋಯಿತು. ಆಂಬುಲೆನ್ಸ್ ಬರುವವರೆಗೆ ಮಂಜುಳಾ ಪುಂಡಲೀಕಪ್ಪನನ್ನು ಉಸಿರು ಸಲೀಸಾಗಲೆಂದು ಬೋರಲು ಮಲಗಿಸಿದಳು. ಆಂಬುಲೆನ್ಸ್ ಬಂದು ಅವನನ್ನು ಆಸ್ಪತ್ರೆಗೆ ಒಯ್ದಿತು. ಆಮೇಲೆ ಶೈಲಾಳ ವಿಷಯ ಬಂತು. ಜನ್ನತಬಿಯ ಮಾಳಿಗೆಯ ಮೇಲೆ ನೂಲು ಇಡುವ ಕೋಣೆ ಖಾಲಿ ಇತ್ತು. ಹೊರಗಿನಿಂದಲೇ ಮೆಟ್ಟಿಲು, ಎರಡು ಕಿಟಕಿ. ಎಲ್ಲರದೂ ಕೊರೊನಾ ಪರೀಕ್ಷೆ ಮಾಡಿಸಿ, ಫಲಿತಾಂಶ ಬಂದು, ಬೇರೆ ಇರಬೇಕಾದ ದಿನ ಕಳೆಯುವವರೆಗೆ ಅವಳು ಅಲ್ಲಿ ಒಬ್ಬಳೇ ಇರುವುದೆಂದು ತೀರ್ಮಾನವಾಯಿತು. ಊಟ ಮೆಟ್ಟಿಲ ಮೇಲೆ. ಮಾತು ಕಿಟಕಿಯಿಂದ.

ಅಧಿಕಾರಿಗಳು ಬಂದು ಮನೆಗೊಂದು ಚೀಟಿ ಅಂಟಿಸಿ ಹೋದರು. ಓಣಿಗೆ ಬಿದಿರು ಕಟ್ಟಲಿಲ್ಲ. ಸಂಜೆಯ ಹೊತ್ತಿಗೆ ಇನ್ನೆರಡು ಮನೆಯವರು ತಾವಾಗಿಯೇ ಮಂಜುಳಾಳಿಗೆ ಫೋನ್ ಮಾಡಿದರು. ಅದರಲ್ಲಿ ಒಂದು ಮಂಜವ್ವನ ಮನೆ. ನಳದ ನೀರು ಬಂದ ದಿನ ಜನ್ನತಬಿ ಮುತ್ತವ್ವನ ಕೊಡಗಳನ್ನು ತುಂಬಿ ಹೊಸ್ತಿಲ ಹೊರಗೆ ಇಟ್ಟು ಹೋದಳು.

ಶೈಲಾಳಿಗೆ ಕೊರೊನಾ ಇಲ್ಲವೆಂದು ಫಲಿತಾಂಶ ಬಂತು. ಮುತ್ತವ್ವನಿಗೆ ಇತ್ತು. ಗಂಡನ ಆರೈಕೆ ಮಾಡಿದವಳು ಅವಳೇ ಅಲ್ಲವೇ. ಅವಳಿಗೆ ಜ್ವರ ಸಣ್ಣಗಿತ್ತು, ಆಕ್ಸಿಜನ್ ಸರಿಯಿತ್ತು. ಮನೆಯಲ್ಲಿಯೇ ಬೇರೆ ಇದ್ದು ಔಷಧಿ ತೆಗೆದುಕೊಂಡಳು. ಅವಳು ಇನ್ನೂ ಬಾಗಿಲು ದಾಟುವಂತಿರಲಿಲ್ಲ, ಅಷ್ಟರಲ್ಲಿಯೇ ಶೈಲಾಳಿಗೆ ಹೆರಿಗೆ ಬೇನೆ ಶುರುವಾಯಿತು.

ಚೊಚ್ಚಲ ಹೆರಿಗೆಗೆ ಮಗಳ ಕೈ ಹಿಡಿಯಬೇಕೆಂದು ಶಿಗ್ಲಿಯಿಂದ ಕರೆತಂದ ತಾಯಿ, ಮಗಳು ಆಂಬುಲೆನ್ಸ್ ಹತ್ತುವುದನ್ನು ಕಿಟಕಿಯಿಂದ ನೋಡಿದಳು. ಜೊತೆಗೆ ಹೋದವಳು ಜನ್ನತಬಿ. ಅಳಿಯ ಫಕೀರೇಶ ಲಾಕ್‌ಡೌನ್ ಪಾಸು ಮಾಡಿಸಿಕೊಂಡು ಶಿಗ್ಲಿಯಿಂದ ಆಸ್ಪತ್ರೆಗೆ ಬರುವಷ್ಟರಲ್ಲಿ ಹೆಣ್ಣುಮಗು ಹುಟ್ಟಿಯಾಗಿತ್ತು.

ಜನ್ನತಬಿ ಆಸ್ಪತ್ರೆಯಿಂದ ವಿಡಿಯೋ ಕಾಲ್ ಹಚ್ಚಿದಳು. "ನೋಡ ವೈನಿ. ಮೂಗು ಅಣ್ಣನ ಹಂಗ. ನಿನ್ನ ಹಂಗ ಇದ್ದಿದ್ರ ಕಷ್ಟ ಇತ್ತು."

ಮುತ್ತವ್ವ ನಕ್ಕಳು. ಫೋನಿನ ಗಾಜಿನ ಮೇಲೆ ಬೆರಳಿಟ್ಟು ಆ ಮುಖವನ್ನು ಸವರಿದಳು.

"ಅವ್ವಾ, ಇಬ್ಬರೂ ಆರಾಮ ಅದೇವಿ," ಎಂದಳು ಶೈಲಾ ಆಚೆಯಿಂದ. "ಅಪ್ಪ ಆರಾಮ ಆಗಾಕತ್ತಾನ, ಆಕ್ಸಿಜನ್ ತಗದಾರಂತ. ಮಂಜುಳಕ್ಕ ಹೇಳಿದ್ಲು."

"ನಾ ಇನ್ನ ಒಂದ ದಿನಾ ಮೊದಲ ಹೇಳಿದ್ರ ಇವತ್ತ ನಿನ್ನ ಬಾಜೂಕ ಇರತಿದ್ನೋ ಏನೋ," ಎಂದಳು ಮುತ್ತವ್ವ.

ಶೈಲಾ ಮಗುವಿನ ಹೊದಿಕೆ ಸರಿಪಡಿಸಿದಳು. ಆಮೇಲೆ, "ಇನ್ನ ಒಂದ ದಿನಾ ತಡಾ ಮಾಡಿದ್ರ ನಾವ್ಯಾರೂ ಇರತಿದ್ದಿಲ್ಲೋ ಏನೋ. ನೀ ಹೇಳಿದೆಲ್ಲಬೇ, ಸಾಕು," ಎಂದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅವ್ವಂದಿರೇ, ನಿಮ್ಮ ಮನೆಯಲ್ಲಿ ಮಗ್ಗ ಇರಲಿಕ್ಕಿಲ್ಲ. ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋಗುವ ವಸ್ತು ಒಂದಾದರೂ ಇದ್ದೇ ಇರುತ್ತದೆ. ಹಂಚಿ ಸೇದುವ ಬೀಡಿ, ಕಚ್ಚಿ ಕುಡಿಯುವ ತಂಬಿಗೆ, ಮಗುವಿಗೆ ಉಣಿಸುವ ಮುಂಚೆ ರುಚಿ ನೋಡುವ ಚಮಚೆ. ಇವತ್ತು ಒಮ್ಮೆ ಹುಡುಕಿ ನೋಡಿರಿ. ಜ್ವರ, ಕೆಮ್ಮು ಬಂದವರನ್ನು ಗಾಳಿಯಾಡುವ ಕೋಣೆಯಲ್ಲಿ ಬೇರೆ ಇರಿಸಿ, ಹತ್ತಿರ ಹೋಗುವಾಗ ಮಾಸ್ಕು ಹಾಕಿಕೊಳ್ಳಿರಿ. ಬಸುರಿಯರನ್ನೂ ವಯಸ್ಸಾದವರನ್ನೂ ಅವರಿಂದ ದೂರ ಇಡಿರಿ. ಲಸಿಕೆಯ ಸರದಿ ಬಂದರೆ ನಾಳೆ ಎನ್ನಬೇಡಿರಿ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆ ಬಿಸಿಲಲ್ಲಿ ನಡೆದು ಬಂದು ಬಾಗಿಲಲ್ಲಿ ಕೇಳಿದಾಗ, ಇದ್ದದ್ದನ್ನು ಇದ್ದಂತೆ ಹೇಳಿರಿ. ಪಕ್ಕದ ಮನೆಯವರು ಹಾಗೆ ಹೇಳಿದ ದಿನ, ನೀರು ಬಂದಾಗ ಅವರದೂ ಒಂದು ಕೊಡ ತುಂಬಿಡಿರಿ.