ತಕ್ಕಡಿಗೊಂದು, ದೋಣಿಗೊಂದು

ಹಳೆಅಳಿವೆ ತಾಲೂಕು ಪಂಚಾಯತ್ ಕ್ಷೇತ್ರ ಬದುಕಿದ್ದು ಮೂರೇ ಮೂರು ಚುನಾವಣೆ. ಮೊದಲನೆಯದರಲ್ಲಿ ಯಾರೂ ಎದುರು ನಿಲ್ಲಲಿಲ್ಲ, ಊರಿನ ಹಿರಿಯರೊಬ್ಬರು ಮನೆಯಲ್ಲಿ ಗಂಜಿ ಉಣ್ಣುತ್ತ ಕೂತಲ್ಲೇ ಗೆದ್ದರು. ಮೂರನೆಯದು ಮಹಿಳೆಯರಿಗೆ ಮೀಸಲಾಯಿತು. ನಾಲ್ಕನೆಯದು ಬರುವ ಹೊತ್ತಿಗೆ ಗಡಿ ಗೀಚುವವರು ಊರನ್ನೇ ಕೊಯ್ದು, ಅರ್ಧವನ್ನು ಗಂಗೊಳ್ಳಿ ಕಡೆಗೂ ಇನ್ನರ್ಧವನ್ನು ಹೊಳೆಯಾಚೆಗೂ ಹಂಚಿ, ಹೆಸರನ್ನು ಅಳಿಸಿಹಾಕಿದರು. ಇಷ್ಟರಲ್ಲಿ ಒಂದು ಸಂಸಾರ ಹಾಳಾಗುವಂಥದ್ದು ಏನಿದೆ ಎಂದು ಯಾರಾದರೂ ಕೇಳಿಯಾರು. ಹಾಳಾದದ್ದು ನಡುವಿನ ಚುನಾವಣೆಯಲ್ಲಿ, ಎರಡು ಸಾವಿರದ ಇಸವಿಯಲ್ಲಿ.

ಆ ವರ್ಷ ಸೀತುವಿನ ತಮ್ಮ ಬಚ್ಚ ಪಕ್ಷೇತರನಾಗಿ ನಿಂತ. ಸೀತು ಬಂದರಿನಿಂದ ಮೀನು ಹೊತ್ತು ಮನೆಮನೆಗೆ ಮಾರುವವಳು. ಗಂಡ ಕಿಟ್ಟನಿಗೆ ಒಂದು ನಾಡದೋಣಿ, ಹತ್ತು ವರ್ಷದ ಮಗ ಅನೂಪ್. ಅವ್ವ ಬೇಗ ತೀರಿಕೊಂಡ ಮನೆಯಲ್ಲಿ ಬಚ್ಚನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಅವನು ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ಅಲ್ಲಿಯ ಸಂಘದ ಸಭೆಗಳಲ್ಲಿ ಮಾತು ಕಲಿತು ಊರಿಗೆ ಮರಳಿದ್ದ. ಹೊಳೆ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ ಹೂಳು ತುಂಬಿ ಪ್ರತಿ ಮಳೆಗಾಲ ದೋಣಿಗಳು ಮಗುಚುತ್ತಿದ್ದವು. ಅಲ್ಲಿಗೆ ಕಲ್ಲಿನ ತಡೆಗೋಡೆ ಹಾಕಿಸುತ್ತೇನೆ ಎಂಬುದೊಂದೇ ಅವನ ಮಾತು. ತಾಲೂಕು ಪಂಚಾಯತ್ ಸದಸ್ಯನಿಗೆ ಸಮುದ್ರಕ್ಕೆ ಗೋಡೆ ಕಟ್ಟಿಸುವ ತಾಕತ್ತು ಎಲ್ಲಿಂದ ಬರಬೇಕು? ಆದರೆ ಊರು ನಂಬಿತು, ಏಕೆಂದರೆ ಬಚ್ಚನೇ ನಂಬಿದ್ದ.

ಅವನಿಗೆ ದೋಣಿಯ ಗುರುತೇ ಬೇಕಿತ್ತು. ಚೀಟಿ ಎತ್ತಿದಾಗ ದೋಣಿ ಎದುರು ನಿಂತಿದ್ದ ಐಸ್ ಪ್ಲಾಂಟಿನ ಭೋಜರಾಜನ ಪಾಲಾಯಿತು, ಬಚ್ಚನಿಗೆ ತಕ್ಕಡಿ ಬಂತು. ಬೂಟು ಒದ್ದೆಯಾದೀತೆಂದು ದಡದಲ್ಲೇ ನಿಲ್ಲುವ ಭೋಜರಾಜನಿಗೆ ದೋಣಿ, ದೋಣಿಯ ನೆರಳಲ್ಲಿ ಹುಟ್ಟಿದವನಿಗೆ ತಕ್ಕಡಿ. ಸೀತು ಮಾತ್ರ ಎದೆಗುಂದಲಿಲ್ಲ. ಮೀನಿನ ಬುಟ್ಟಿ ಇಳಿಸಿದ ಮನೆಯಲ್ಲೆಲ್ಲ, "ತಕ್ಕಡಿ ಮರಿಬೇಡಿ ಅಕ್ಕ, ನನ್ನ ತಮ್ಮಂದ್" ಎಂದು ಹೇಳಿದ್ದೇ ಹೇಳಿದ್ದು. ತಮ್ಮ ಗೆಲ್ಲಲೆಂದು ಶನಿವಾರಗಳ ಉಪವಾಸವನ್ನೂ ಹಿಡಿದಿದ್ದಳು.

ಮತದಾನದ ದಿನ ಕಡಲು ಸ್ವಲ್ಪ ಎದ್ದಿತ್ತು. ಕಿಟ್ಟನೂ ಕೇರಿಯ ಗಂಡಸರಲ್ಲಿ ಹಲವರೂ ಬೆಳಕು ಹರಿಯುವ ಮೊದಲೇ ಹೋದವರು ಮರಳಿರಲಿಲ್ಲ. ಶಾಲೆಯ ಕೋಣೆಯಲ್ಲಿ, ರಟ್ಟಿನ ಮರೆಯಲ್ಲಿ ನಿಂತು ಸೀತು ತಕ್ಕಡಿಯ ಮೇಲೆ ಮುದ್ರೆಯನ್ನು ಗಟ್ಟಿಯಾಗಿ ಒತ್ತಿದಳು. ಕೈ ತೆಗೆಯುವಾಗ ಕಣ್ಣು ಕೆಳಗಿನ ದೋಣಿಯ ಮೇಲೆ ಬಿತ್ತು. ದಿನವೂ ಬೆಳಗ್ಗೆ ದೋಣಿ ನೀರಿಗಿಳಿಯುವಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅವಳು ಹಿಂದಿರುಗಿದವಳಲ್ಲ. ಗಂಡ ನೀರಿನಲ್ಲಿರುವಾಗ, ಕಣ್ಣೆದುರು ಬಂದ ದೋಣಿಯನ್ನು ಕಾಣದವಳಂತೆ ಹೋಗುವುದು ಹೇಗೆ? ಅವಳ ಮಟ್ಟಿಗೆ ಅದು ಭೋಜರಾಜನ ದೋಣಿಯಾಗಿರಲಿಲ್ಲ. ಮುದ್ರೆಯನ್ನು ಅದಕ್ಕೂ ಮೆಲ್ಲನೆ ಮುಟ್ಟಿಸಿದಳು. ವೋಟು ತಕ್ಕಡಿಗೆ, ಕೈಮುಗಿದದ್ದು ದೋಣಿಗೆ.

ಹೊರಗೆ ಬಂದವಳು ಸುಮ್ಮನಿದ್ದರೆ ಒಂದು ವೋಟು ಹೋಗುತ್ತಿತ್ತು, ಅಷ್ಟೇ. ಆದರೆ ಒಳ್ಳೆಯದನ್ನು ತಾನೊಬ್ಬಳೇ ಇಟ್ಟುಕೊಳ್ಳುವ ಜಾಯಮಾನ ಸೀತುವಿನದಲ್ಲ. ಸಾಲಿನಲ್ಲಿ ನಿಂತಿದ್ದ ನೆರೆಮನೆಯ ಹರಿಣಾಕ್ಷಿಯ ಕಿವಿಯಲ್ಲಿ, "ತಕ್ಕಡಿಗ್ ಗಟ್ಟಿ ಒತ್ತ್. ಮತ್ತೆ ದೋಣಿಗೂ ಒಂಚೂರ್ ಮುಟ್ಸ್. ಗಂಡಸ್ರ್ ನೀರಂಗೆ ಇದ್ದೊ, ದೋಣಿಗ್ ಬೆನ್ನ್ ಹಾಕುಕಾಗ" ಎಂದಳು. ಹರಿಣಾಕ್ಷಿ ಹಿಂದಿನವಳಿಗೆ ಹೇಳಿದಳು. ಕೇರಿಯ ಹೆಂಗಸರಿಗೆಲ್ಲ ಅದು ಎಷ್ಟು ಸರಿ ಕಂಡಿತೆಂದರೆ, ತಮಗೇ ಮೊದಲು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಪಟ್ಟವರೂ ಇದ್ದರು.

ಕುಂದಾಪುರದಲ್ಲಿ ಎಣಿಕೆ ನಡೆಯುವಾಗ ಬಚ್ಚ ಮೇಜಿನ ಈಚೆ ನಿಂತಿದ್ದ. ತನ್ನ ಕೇರಿಯ ಪೆಟ್ಟಿಗೆ ತೆರೆದಾಗ ಅವನ ಮುಖ ಅರಳಿತ್ತು. ಅಧಿಕಾರಿ ಒಂದು ಚೀಟಿ ಬಿಡಿಸಿದ, ಮೇಲೆ ಕೆಳಗೆ ನೋಡಿದ, ಬದಿಗೆ ಹಾಕಿದ. ಮತ್ತೊಂದನ್ನೂ ಬದಿಗೆ ಹಾಕಿದ. ತಕ್ಕಡಿಯ ಮೇಲೊಂದು ಮುದ್ರೆ, ದೋಣಿಯ ಮೇಲೊಂದು ಮುದ್ರೆ, ಎಲ್ಲ ಕುಲಗೆಟ್ಟ ವೋಟು. ಭೋಜರಾಜ ಗೆದ್ದದ್ದು ಕೂದಲೆಳೆಯ ಅಂತರದಲ್ಲಿ. ಬದಿಗೆ ಬಿದ್ದ ರಾಶಿಯಲ್ಲಿ ಕಾಲುಭಾಗ ಉಳಿದಿದ್ದರೂ ಬಚ್ಚ ನಗುತ್ತ ಊರಿಗೆ ಬರುತ್ತಿದ್ದ.

ಬಂದವನಿಗೆ ಹರಿಣಾಕ್ಷಿಯೇ ಎದುರಾಗಿ, ನಾವು ಹೇಗೆ ತಕ್ಕಡಿಗೂ ಒತ್ತಿ ದೋಣಿಯನ್ನೂ ಬಿಡದೆ ಬಂದೆವೆಂದು, ಸೀತು ಎಷ್ಟು ಚೆನ್ನಾಗಿ ಹೇಳಿಕೊಟ್ಟಳೆಂದು ಖುಷಿಯಿಂದ ವರದಿ ಒಪ್ಪಿಸಿದಳು. ಬಚ್ಚ ನೇರ ಅಕ್ಕನ ಅಂಗಳಕ್ಕೆ ನಡೆದ. ತೆಂಗಿನ ಬುಡದಲ್ಲಿ ಕಿಟ್ಟನ ದೋಣಿ ಎಳೆದಿಟ್ಟಿತ್ತು.

"ಭೋಜರಾಜ ನಿಂಗ್ ಎಷ್ಟ್ ಕೊಟ್ಟ?"

ಸೀತುವಿಗೆ ತಮ್ಮ ಸೋತನೆಂಬುದೇ ಅರ್ಥವಾಗಿರಲಿಲ್ಲ, ತಾನು ಸೋಲಿಸಿದೆನೆಂಬುದು ಅರ್ಥವಾಗುವುದು ಇನ್ನೂ ದೂರವಿತ್ತು. ಬಚ್ಚ ದೋಣಿಯ ಮೇಲೆ ಅಂಗೈ ಊರಿದ.

"ನಿಂಗ್ ನನ್ನಿಂದ ದೊಡ್ಡದ್ ಈ ದೋಣಿ ಅಲ್ದಾ? ಇದನ್ನೇ ಮುಟ್ಟಿ ಹೇಳ್ತೆ. ಹಳೆಅಳಿವೆಯಂಗೆ ಗೆದ್ದ್ ಬಪ್ಪು ತನ್ಕ ನಾನ್ ನಿನ್ನ ಅಂಗಳ ಮೆಟ್ಟುದಿಲ್ಲೆ."

ಕಿಟ್ಟ ಓಡಿಬಂದು ಅವನ ಕೈ ಹಿಡಿಯುವಷ್ಟರಲ್ಲಿ ಮಾತು ಮುಗಿದಿತ್ತು. ದುಡ್ಡಿನ ಮೇಲೆ, ತಲೆಯ ಮೇಲೆ ಹಾಕಿದ ಆಣೆಯನ್ನಾದರೂ ಹೇಗೋ ನುಂಗಿಕೊಳ್ಳಬಹುದು, ದೋಣಿಯ ಮೇಲಿನ ಆಣೆ ಮುರಿದರೆ ಆ ದೋಣಿಯೇ ನೋಡಿಕೊಳ್ಳುತ್ತದೆ ಎಂಬುದು ಕೇರಿಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಬಚ್ಚನ ಕೋಪ ಆ ಮಳೆಗಾಲ ದಾಟಲಿಲ್ಲ. ಅಕ್ಕನಿಗೆ ಮೋಸ ಗೊತ್ತಿಲ್ಲವೆಂದು ಅವನಿಗೆ ತಿಳಿಯಿತು, ತಾನಾಡಿದ ಮಾತಿಗೆ ಮುಖ ತೋರಿಸಲಾರದಷ್ಟು ನಾಚಿದ. ಆದರೆ ಕೋಪ ಇಳಿದರೂ ಆಣೆ ಇಳಿಯಬೇಕಲ್ಲ. ಮುಂದಿನ ಸಲ ಗೆದ್ದರಾಯಿತು ಎಂದುಕೊಂಡ. ಮುಂದಿನ ಸಲ ಮೀಸಲಾತಿ ಬಂತು. ಹೆಂಡತಿಯನ್ನು ನಿಲ್ಲಿಸು ಎಂದು ಕೆಲವರು ಹೇಳಿದರು. ಆಣೆಯಲ್ಲಿ ತನ್ನ ಹೆಸರಿದೆ, ಹೆಂಡತಿಯದ್ದಿಲ್ಲ ಎಂದು ಅವನು ಸುಮ್ಮನಾದ.

ಹೀಗೆ ಅಕ್ಕ ತಮ್ಮ ಬೇಲಿಯ ಆಚೆ ಈಚೆ ನಿಂತು ಬದುಕಿದರು. ಅವನು ಹಲಸಿನಹಣ್ಣು ತಂದರೆ ಬೇಲಿಯ ಮೇಲಿಂದ ಕೊಡುತ್ತಿದ್ದ, ಅವಳು ಬಂಗುಡೆ ಸಾರನ್ನು ಬೇಲಿಯ ಮೇಲಿಂದಲೇ ದಾಟಿಸುತ್ತಿದ್ದಳು. ಕಿಟ್ಟ ಕಾಮಾಲೆಯಾಗಿ ತೀರಿಕೊಂಡಾಗ ಊರೆಲ್ಲ ಅಂಗಳದಲ್ಲಿತ್ತು, ಬಚ್ಚ ಮಾತ್ರ ಬೇಲಿಯ ಹೊರಗೆ ಬಿಸಿಲಿನಲ್ಲಿ ನಿಂತಿದ್ದ. ಗಂಡನ ಹೆಣದ ಪಕ್ಕ ಕೂತ ಸೀತು ತಲೆಯೆತ್ತಿ ನೋಡಿದ್ದು ಬೇಲಿಯ ಕಡೆಗೇ. ಅವಳಿಗೆ ಆ ಹೊತ್ತಿನಲ್ಲಿ ಬೇಕಾದದ್ದು ಒಬ್ಬನೇ, ಅವನೊಬ್ಬನೇ ಹತ್ತಿರ ಬರುವಂತಿರಲಿಲ್ಲ. ಅನೂಪನಿಗೆ ಈಜು ಕಲಿಸಿದ್ದು, ದೋಣಿಯ ಎಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿಸಿದ್ದು ಬಚ್ಚನೇ, ಎಲ್ಲ ಅಂಗಳದಾಚೆ, ಹೊಳೆಬದಿಯಲ್ಲಿ. ಅಪ್ಪನ ದೋಣಿ ಈಗ ಅನೂಪನದಾಗಿತ್ತು.

ಎರಡು ಸಾವಿರದ ಹತ್ತರ ಮಳೆಗಾಲದಲ್ಲಿ ಒಂದು ಬೆಳಗ್ಗೆ ಬಚ್ಚ ಬೇಲಿಯ ಹತ್ತಿರ ಬಂದು ಕೂಗಿದ. ಎಷ್ಟೋ ವರ್ಷಗಳ ಮೇಲೆ ಅವನ ದನಿಯಲ್ಲಿ ನಗುವಿತ್ತು.

"ಅಕ್ಕ, ಹಳೆಅಳಿವೆ ಕ್ಷೇತ್ರವೇ ಇಲ್ಲೆ ಅಂಬ್ರ್ ಈಗ. ಅಳ್ಸಿ ಹಾಕಿರ್. ಇಲ್ದಿದ್ದಲ್ಲಿ ಗೆಲ್ಲುದ್ ಹ್ಯಾಂಗೆ? ಆಣಿಯೂ ಹೋಯ್ತಲೆ. ಒಳ್ಗ್ ಬತ್ತೆ, ಚಾ ಮಾಡ್."

ಸೀತು ಹತ್ತು ವರ್ಷ ಕಾದ ಮಾತು. ಬಾ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತೆಂಗಿನ ಬುಡದಲ್ಲಿ ದೋಣಿಯೊಳಗೆ ಬಗ್ಗಿ ಬಲೆ ಜೋಡಿಸುತ್ತಿದ್ದ ಅನೂಪನ ಬೆನ್ನು ಕಂಡಿತು.

"ಬ್ಯಾಡ, ಬಚ್ಚ," ಎಂದಳು. "ನೀ ಆಣಿ ಹಾಕದ್ದ್ ಪಂಚಾಯ್ತಿ ಮುಟ್ಟಿ ಅಲ್ಲ, ದೋಣಿ ಮುಟ್ಟಿ. ಅದ್ರಂಗೇ ಈ ಹುಡ್ಗ ದಿನಾ ಹೋಪುದ್. ಈ ಮಳಿಗಾಲ ಒಂದ್ ಕಳಿಲಿ. ಸೋಣೆ ತಿಂಗ್ಳ್ ಮುಗ್ದ್ ಕೂಡ್ಲೆ ಇಬ್ರೂ ದೇವಸ್ಥಾನಕ್ಕ್ ಹೋಪ, ಆಣಿ ಬಿಡ್ಸ್ಕಂಡ್ ಬಪ್ಪ. ಮತ್ತೆ ನೀ ಇಲ್ಲೇ ಕೂಕಂಡ್ ಉಣ್ಣ್."

ಬಚ್ಚ ಎತ್ತಿದ ಕಾಲನ್ನು ಹಿಂದಕ್ಕಿಟ್ಟ. "ಆಯ್ತ್," ಎಂದ. ಚಾ ಬೇಲಿಯ ಮೇಲಿಂದಲೇ ಬಂತು.

ಮಳೆಗಾಲದ ಕೊನೆಯ ಸೋಣೆ ತಿಂಗಳು ಅರ್ಧಕ್ಕೆ ಬಂದಿತ್ತು. ಕಡಲು ತಣಿಯಿತೆಂದು ಹೊರಟ ಅನೂಪನ ದೋಣಿ ಮೀನು ತುಂಬಿಕೊಂಡು ಮರಳುವಾಗ ಅಳಿವೆಯ ಬಾಯಿಯಲ್ಲಿ, ಬಚ್ಚ ಗೋಡೆ ಹಾಕಿಸುತ್ತೇನೆಂದಿದ್ದ ಜಾಗದಲ್ಲೇ, ತೆರೆಗೆ ಸಿಕ್ಕಿ ಮಗುಚಿತು. ಜೊತೆಯವರು ಈಜಿ ದಡ ಸೇರಿದರು. ಈಜು ಚೆನ್ನಾಗಿ ಬಲ್ಲ ಅನೂಪ್ ಬಲೆಗೆ ಕಾಲು ಸಿಕ್ಕಿಕೊಂಡು ಬರಲಿಲ್ಲ. ಹುಡುಕಲು ಹೋದ ದೋಣಿಗಳಲ್ಲಿ ಬಚ್ಚ ಇದ್ದ. ಉಳಿದವರು ಊಟಕ್ಕೆ ಮರಳಿದರೂ ಅವನು ಮರಳಲಿಲ್ಲ. ಮಾರನೆಯ ದಿನ ಅನೂಪ್ ಹೊಳೆದಂಡೆಯ ಮರಳಿನಲ್ಲಿ ಸಿಕ್ಕಿದಾಗ ಬಚ್ಚ ಬೇರೆ ಯಾರನ್ನೂ ಮುಟ್ಟಗೊಡಲಿಲ್ಲ.

ಸೀತು ಅಂಗಳದಲ್ಲಿ ನಿಂತಿದ್ದಳು, ಹರಿಣಾಕ್ಷಿ ಅವಳ ರಟ್ಟೆ ಹಿಡಿದಿದ್ದಳು. ಮಳೆ ಜಿನುಗುತ್ತಿತ್ತು. ದಾರಿಯ ತುದಿಯಲ್ಲಿ ಜನ ಕಂಡರು, ಜನರ ಮುಂದೆ ಬಚ್ಚ, ಬಚ್ಚನ ಎರಡೂ ಕೈಗಳ ಮೇಲೆ ಪಂಚೆ ಹೊದಿಸಿದ್ದು ಏನೋ ಇತ್ತು. ಅವನು ಬೇಲಿಯ ಬಾಗಿಲಿಗೆ ಬಂದು ನಿಂತ.

"ಅಲ್ಲೇ ನಿಲ್, ಬಚ್ಚ," ಎಂದಳು ಸೀತು. ದನಿ ಏರಿರಲಿಲ್ಲ. "ಮೆಟ್ಬೇಡ. ಆಣಿ ಇತ್ತ್."

ಸೀತುವಿನ ಲೆಕ್ಕ ಅವಳಿಗೆ ಸ್ಪಷ್ಟವಾಗಿತ್ತು. ದೋಣಿಗೆ ಅವಳು ಒಂದು ದಿನವೂ ಬೆನ್ನು ಹಾಕಿರಲಿಲ್ಲ. ದೋಣಿಗಾಗಿ ತಮ್ಮನ ಗೆಲುವು ಹೋಗಿತ್ತು, ದೋಣಿಗಾಗಿ ತಮ್ಮನನ್ನು ಹೊರಗೇ ನಿಲ್ಲಿಸಿದ್ದಳು. ಆಣೆ ಮುರಿದಿಲ್ಲವೆಂದರೆ ಮಗನನ್ನು ಕೊಂಡೊಯ್ಯಲು ದೋಣಿಗೆ ಕಾರಣವೇ ಇಲ್ಲ. ತಮ್ಮ ಅಂಗಳ ಮೆಟ್ಟದಿರುವಷ್ಟು ಹೊತ್ತು ಆ ಪಂಚೆಯ ಅಡಿಯಲ್ಲಿರುವುದು ಬೇರೆ ಯಾರೋ.

"ಅಕ್ಕ."

"ಬ್ಯಾಡ ಅಂದೆ. ಸೋಣೆ ಮುಗಿಲಿ. ಇಬ್ರೂ ಹೋಪ."

ಬಚ್ಚ ನಿಂತೇ ಇದ್ದ. ಅಕ್ಕನ ಮಾತು ಮೀರಲು ಅವನಿಂದ ಆಗಲಿಲ್ಲ, ಅಕ್ಕನ ಮಗನನ್ನು ದಾರಿಯಲ್ಲಿ ಇಳಿಸಲೂ ಆಗಲಿಲ್ಲ. ಯಾರೋ ಹಿಂದಿನಿಂದ ಕೈ ಚಾಚಿದರು, ಅವನು ತಲೆಯಾಡಿಸಿ ಬೇಡವೆಂದ. ಅವನ ತೋಳುಗಳು ಮೊದಲು ಸಣ್ಣಗೆ, ಆಮೇಲೆ ಎಲ್ಲರಿಗೂ ಕಾಣುವಂತೆ ನಡುಗತೊಡಗಿದವು.

"ಅಕ್ಕ," ಎಂದ, "ಕೈ ಸೋತ್ ಹೋಯ್ತ್."

ಹಾಗೆಂದು ಅಂಗಳ ಮೆಟ್ಟಿದ.