ಬೆಣ್ಣೆಯಂಥ ಕ್ಲಚ್ಚು

“ಇನ್ನೊಂಚೂರು ಒತ್ರಪ್ಪಾ. ಎಡಗಾಲು ಮಡಚ್ತಾನೇ ಇಲ್ಲ.”

ಗಂಡಸರೆಲ್ಲ ಸೇರಿ ರೇವಣಸಿದ್ದಯ್ಯನ ದೇಹವನ್ನು ಮರದ ಪೀಠದ ಮೇಲೆ ಪದ್ಮಾಸನದಲ್ಲಿ ಕೂರಿಸಲು ಹೆಣಗುತ್ತಿದ್ದರು. ಬಲಗಾಲು ಹೇಗೋ ಮಡಚಿಕೊಂಡಿತ್ತು. ಎಡಗಾಲು ಮಾತ್ರ ಮುಂದಕ್ಕೆ ಸೆಟೆದು ನಿಂತಿತ್ತು. ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೂ ಜಗ್ಗಲಿಲ್ಲ.

“ನಿನ್ನೆ ಜೀವ ಹೋದ ಕೂಡ್ಲೇ ಕೂರಿಸ್ಬೇಕಿತ್ತು,” ಎಂದ ತಮ್ಮ ಕಲ್ಮೇಶ್, ಬೆವರು ಒರೆಸಿಕೊಳ್ಳುತ್ತ. ಮಾತು ಎಲ್ಲರಿಗೂ, ಕಣ್ಣು ಮಾತ್ರ ಅತ್ತಿಗೆಯ ಮೇಲೆ. “ಐಸ್ ಪೆಟ್ಟಿಗೇಲಿ ಮಲಗಿಸಿಟ್ರೆ ಇನ್ನೇನಾಗುತ್ತೆ? ಮನೇಲಿರೋರಿಗೆ ಅಷ್ಟೂ ಗೊತ್ತಾಗ್ಬೇಡ್ವಾ?”

“ಮಗಳು ಹುಬ್ಬಳ್ಳಿಯಿಂದ ಬರ್ಲಿ, ಅಲ್ಲೀವರೆಗೂ ಪೆಟ್ಟಿಗೇಲಿಡಿ ಅಂದೋರು ನೀವೇ ಕಲ್ಮೇಶ್,” ಎಂದಳು ಶಿವಕ್ಕ.

ಅವಳು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಳು. ನೆಲದ ಮೇಲೆ ಕೂರಲು ಮಂಡಿ ಬಿಡುವುದಿಲ್ಲ. ನೋಡಲು ಬಂದ ಹೆಂಗಸರ ಕಣ್ಣಿಗೆ ಅದೂ ಒಂದು ತಪ್ಪಾಗಿ ಕಂಡಿತ್ತು. ಗಂಡನ ಹೆಣದ ಮುಂದೆ ಹೆಂಡತಿ ಕುರ್ಚಿ ಹಾಕಿಕೊಂಡು ಕೂತಿದ್ದಾಳೆ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಎದುರಿನ ಗೋಡೆಗೆ ಒರಗಿದ್ದ ಮಗಳು ರಕ್ಷಾ ತಾಯಿಯ ಪಾಲಿನದನ್ನೂ ಸೇರಿಸಿ ಅತ್ತಂತಿದ್ದಳು. ಬಸ್ಸಿಳಿದು ಬಂದಾಗಿನಿಂದ ಅವಳು ತಾಯಿಯ ಹತ್ತಿರ ಸುಳಿದಿರಲಿಲ್ಲ.

ಕೊನೆಗೆ ಸ್ವಾಮಿಗಳೇ “ಸಾಕು ಬಿಡಿ, ಶಾಲು ಹೊದಿಸಿ” ಅಂದರು. ಚಾಚಿದ ಕಾಲಿನ ಮೇಲೆ ಶಾಲು ಬಿತ್ತು. ಹಣೆಗೆ ವಿಭೂತಿ ಬಳಿದರು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು.

ಅಷ್ಟರಲ್ಲಿ ಒಂದಿಷ್ಟು ಹುಡುಗರು ಹಾರ ಹಿಡಿದು ಬಂದರು. ಶಿವಕ್ಕ ಅವರನ್ನು ಎಂದೂ ನೋಡಿರಲಿಲ್ಲ. ಅವರಲ್ಲೊಬ್ಬ ಹಾರ ಹಾಕಿ ಬಂದು ಅವಳೆದುರು ಬಗ್ಗಿ ನಿಂತ.

“ಆಂಟಿ, ನಾನು ಆತ್ರೇಯ. ಅಂಕಲ್ ನಮ್ಮ ಕಾರ್ ಗ್ರೂಪಲ್ಲಿದ್ರು. ಭಾನುವಾರ ಎಲ್ಲಾ ನಾಗರಬಾವೀಲಿ ಸೇರ್ತಿದ್ವಿ. ನಮಗೆಲ್ಲ ಗುರು ಇದ್ದಂಗೆ ಅವ್ರು.” ಹುಡುಗ ಪೀಠದ ಕಡೆ ಕೈ ಮುಗಿದ. “ನಾವೆಲ್ಲ ಸ್ಪೀಡಿಗೆ, ಶೋಕಿಗೆ ಗಾಡಿ ಮಾಡಿಫೈ ಮಾಡ್ಸೋರು. ಅಂಕಲ್ ಒಬ್ರೇ ಹೆಂಡ್ತಿ ಮಂಡಿನೋವಿಗೋಸ್ಕರ ಮಾಡಿದ್ದು. ‘ಕ್ಲಚ್ಚು ಬೆಣ್ಣೆ ಥರ ಆಗಿದೆ ಕಣ್ರೋ, ಈಗ ನಮ್ಮನೆಯವ್ಳು ದಿನಾ ಮಾರ್ಕೆಟ್‌ಗೆ ಓಡಿಸ್ಕೊಂಡ್ ಹೋಗ್ತಾಳೆ’ ಅಂತಿದ್ರು.”

“ಯಾರು ಓಡಿಸ್ಕೊಂಡ್ ಹೋಗ್ತಾಳೆ?”

“ನೀವೇ, ಆಂಟಿ.”

ಶಿವಕ್ಕ ಪೀಠದ ಕಡೆ ನೋಡಿದಳು. ವಿಭೂತಿ ಬಳಿದ ಮುಖ ಯಾವುದಕ್ಕೂ ಸಂಬಂಧವಿಲ್ಲದಂತೆ ಕೂತಿತ್ತು.

ಆ ಮಾತನ್ನು ಕಲ್ಮೇಶ್ ಎತ್ತಿಕೊಂಡ. “ಕೇಳಿದ್ರಾ? ನಮ್ಮಣ್ಣ ಅಂಥೋನು! ಬಾಯಲ್ಲಿ ಒರಟ, ಹೊಟ್ಟೇಲಿ ಇಷ್ಟು ಪ್ರೀತಿ. ಅದನ್ನ ತಿಳ್ಕೊಳ್ಳೋರು ಇರ್ಬೇಕಲ್ಲ.” ಮಾತು ಹಜಾರದಿಂದ ಜಗಲಿಗೆ, ಜಗಲಿಯಿಂದ ಬೀದಿಯ ಶಾಮಿಯಾನಕ್ಕೆ ಹರಿಯಿತು. ಎದುರುಮನೆಯ ವೆಂಕಟಲಕ್ಷ್ಮಮ್ಮ ಒಳಗೆ ಬಂದು ಶಿವಕ್ಕನ ಕೈ ಹಿಡಿದುಕೊಂಡರು.

“ಪುಣ್ಯ ಮಾಡಿದ್ರಿ ಕಣ್ರೀ. ಆದ್ರೆ ನೀವು ಕಾರ್ ಓಡ್ಸೋದನ್ನ ನಾನು ಒಂದಿನಾನೂ ನೋಡ್ಲಿಲ್ವಲ್ಲ?”

“ನಾನೂ ನೋಡ್ಲಿಲ್ಲ,” ಎಂದಳು ಶಿವಕ್ಕ.

*

ಓಡಿಸಿದ್ದಳು, ಒಂದೇ ಒಂದು ಸಲ.

ರಕ್ಷಾ ಕಾಲೇಜಿಗೆ ಹೋಗುತ್ತಿದ್ದ ಕಾಲ. ಶಿವಕ್ಕ ವಿಜಯನಗರದ ಡ್ರೈವಿಂಗ್ ಸ್ಕೂಲಿಗೆ ಸೇರಿ, ಹಟ ಹಿಡಿದು ಕಲಿತು, ಲೈಸೆನ್ಸ್ ತೆಗೆದುಕೊಂಡಿದ್ದಳು. ಒಂದು ಬೆಳಿಗ್ಗೆ ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅತ್ತಿಗುಪ್ಪೆಯವರೆಗೂ ಚೆನ್ನಾಗಿಯೇ ಹೋದಳು. ಮೆಟ್ರೊ ಕೆಳಗಿನ ಸಿಗ್ನಲ್ಲಿನಲ್ಲಿ ಹಸಿರು ಬಿದ್ದಾಗ ಗಾಡಿ ಕುಲುಕಾಡಿ ಆಫ್ ಆಯಿತು. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ಆಫ್. ಹಿಂದೆ ಬಸ್ಸು ಹಾರನ್ ಒತ್ತತೊಡಗಿತು.

“ಕಾಲು ಬಿಟ್ಟ ಮೇಲೂ ಇದು ಹಿಡಿಯೋದು ತಡ ಆಗ್ತಿದೆ ರೀ. ಸ್ಕೂಲ್ ಗಾಡಿ ಹಿಂಗಿರ್ಲಿಲ್ಲ.”

“ಗಾಡಿ ಸರಿಯಾಗೇ ಇದೆ. ನಿನ್ನ ಕಾಲು ಸರಿಯಿಲ್ಲ. ಇಳಿ.”

ಅವನು ಸುತ್ತಿ ಬಂದು ಬಾಗಿಲು ತೆಗೆದು, ರಟ್ಟೆ ಹಿಡಿದು, ಬಸ್ಸಿನ ತುಂಬ ಜನ ನೋಡುತ್ತಿರುವಾಗ ಅವಳನ್ನು ರಸ್ತೆಗಿಳಿಸಿದ. ಮುಂದಿನ ಸೀಟಿಗೆ ಹೋಗಹೊರಟವಳಿಗೆ ಹಿಂದಿನ ಬಾಗಿಲು ತೋರಿಸಿದ. ಅಂದಿನಿಂದ ಅವಳ ಜಾಗ ಹಿಂದಿನ ಸೀಟೇ ಆಯಿತು. ಮಗಳಿಗೆ ಮಾತ್ರ ಅವನೇ ಕೂತು, ಒಂದು ಸಲವೂ ರೇಗದೆ, ಅದೇ ಕಾರಿನಲ್ಲಿ ಕಲಿಸಿದ.

ಮಗಳು ಹುಬ್ಬಳ್ಳಿಯ ಬ್ಯಾಂಕಿನ ಕೆಲಸಕ್ಕೆ ಹೋದ ಮೇಲೆ ಒಂದು ದಿನ ಅವನು ಫೋನ್ ಹಿಡಿದುಕೊಂಡು ಅಡಿಗೆಮನೆಗೆ ಓಡಿಬಂದ.

“ಗೊತ್ತೇನೇ? ನಮ್ಮ ಗಾಡಿ ಕ್ಲಚ್ ಪೈಪಲ್ಲಿ ಒಂದು ಸಣ್ಣ ವಾಲ್ವ್ ಇಟ್ಟಿದಾರೆ! ಆಯಿಲ್ ನಿಧಾನಕ್ಕೆ ವಾಪಸ್ ಹೋಗ್ಲಿ ಅಂತ. ಅದಕ್ಕೇ ಕಾಲು ಬಿಟ್ಟ ಮೇಲೂ ಹಿಡಿಯೋದು ತಡ!”

“ನಾನು ಅವತ್ತೇ ಹೇಳಿದ್ದೆ,” ಎಂದಳು, ರೊಟ್ಟಿ ತಟ್ಟುತ್ತ.

“ನೀನೇನು ಹೇಳಿದ್ದೆ?”

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ರಟ್ಟೆ ಹಿಡಿದು ಎಳೆದದ್ದಕ್ಕಿಂತ ಅವಳಿಗೆ ಇದು ಹೆಚ್ಚು ಉರಿಯಿತು.

ವಾಲ್ವ್ ತೆಗೆದದ್ದು ಬರೀ ಶುರು. ರಬ್ಬರ್ ಪೈಪು ಹೋಗಿ ಸ್ಟೀಲ್ ಹೆಣಿಗೆಯ ಪೈಪು ಬಂತು. ಪೆಡಲನ್ನು ಹಗುರ ಮಾಡುವ ಸ್ಪ್ರಿಂಗು ಹೋಯಿತು. ಆಮೇಲೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಸಿಲಿಂಡರ್ ಮೊದಲಿನದಕ್ಕಿಂತ ದಪ್ಪದ್ದು ಬಂತು. ಒಂದೊಂದು ಸಲವೂ ಪೆಡಲ್ ಇನ್ನಷ್ಟು ಗಟ್ಟಿಯಾಯಿತು. “ಮೆತ್ತಗಿದ್ರೆ ಏನೂ ಗೊತ್ತಾಗಲ್ಲ ಕಣೇ. ಗಟ್ಟಿ ಇರ್ಬೇಕು. ಕ್ಲಚ್ ಎಲ್ಲಿ ಹಿಡೀತು, ಎಲ್ಲಿ ಬಿಡ್ತು ಅಂತ ಕಾಲಿಗೇ ತಿಳೀಬೇಕು,” ಅನ್ನುತ್ತಿದ್ದ.

ಪೈಪು ಬಿಚ್ಚಿದಾಗಲೆಲ್ಲ ಒಳಗೆ ಗಾಳಿ ಸೇರುತ್ತಿತ್ತು. ಅದನ್ನು ಹೊರಗೆ ಹಾಕಲು ಒಬ್ಬರು ಪೆಡಲ್ ಒತ್ತಬೇಕು, ಇನ್ನೊಬ್ಬರು ಅಡಿಯಲ್ಲಿ ಮಲಗಿ ತಿರುಪು ಸಡಿಲಿಸಬೇಕು. ಹಾಗೆ ಶಿವಕ್ಕ ಮತ್ತೆ ಡ್ರೈವರ್ ಸೀಟಿಗೆ ಬಂದಳು. ನಿಂತ ಗಾಡಿಯಲ್ಲಿ.

“ಒತ್ತು,” ಅನ್ನುತ್ತಿತ್ತು ಕೆಳಗಿನ ದನಿ. “ಹಿಡ್ಕೋ... ಹಿಡ್ಕೋ... ಬಿಡು. ಮತ್ತೆ ಒತ್ತು.”

ಒಮ್ಮೆ ಹಾಗೆ ಹಿಡಿದಿದ್ದಾಗ ಮಗಳ ಫೋನು ಬಂತು. ಅವನು ಗಾಡಿಯಡಿಯಲ್ಲಿ ಮಲಗಿಕೊಂಡೇ ಮಾತಿಗಿಳಿದ. “ಬಿಡಬೇಡ!” ಎಂದು ಮೇಲಕ್ಕೆ ಕೂಗಿ, “ಹೂಂ ಪುಟ್ಟಾ, ಅಮ್ಮಾನೂ ಇಲ್ಲೇ ಇದಾಳೆ” ಎಂದು ನಕ್ಕ. ಮಿಕ್ಕ ಮಾತು ಅವಳಿಗೆ ಕೇಳಿಸಲಿಲ್ಲ. ಮಂಡಿಯೊಳಗೆ ಯಾರೋ ಸೂಜಿ ತಿರುವುತ್ತಿದ್ದಂತಿತ್ತು. ಸೀರೆಯ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು.

ಕೆಲಸ ಮುಗಿದ ಮೇಲೆ ಅವನೊಬ್ಬನೇ ಕೆಂಗೇರಿವರೆಗೆ ಒಂದು ಸುತ್ತು ಹೋಗಿ ಬರುತ್ತಿದ್ದ. ಬಂದಾಗ ಮುಖ ಬೆಳಗುತ್ತಿತ್ತು. ಪೀಣ್ಯದ ಪಂಪು ಫ್ಯಾಕ್ಟರಿಯ ಸ್ಟೋರಿನಲ್ಲಿ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಈ ಕಾರೊಂದೇ ಅವನು ಹೇಳಿದಂತೆ ಕೇಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಮನಸ್ಸು ಕರಗಲಿಲ್ಲ. ಐಸ್ ಬ್ಯಾಗು ಕಟ್ಟಿಕೊಂಡು ಮಂಚದ ಮೇಲೆ ಕೂತಿರುತ್ತಿದ್ದಳು.

*

ಹೂವಿನಿಂದ ಸಿಂಗರಿಸಿದ ಟೆಂಪೊದಲ್ಲಿ ರೇವಣಸಿದ್ದಯ್ಯನನ್ನು ಕೂರಿಸಿದರು. “ಅಣ್ಣನ ಕಾರು ಹಿಂದೇನೇ ಬರ್ಲಿ,” ಎಂದು ಕಲ್ಮೇಶ್ ಕೂಗಿದ. ರಕ್ಷಾ ಒಳಗಿನಿಂದ ಕೀ ತಂದು ತಾಯಿಯ ಮುಂದೆ ಹಿಡಿದಳು. ಬೆಳಗಿನಿಂದ ಅವಳು ತಾಯಿಯೊಡನೆ ಆಡಿದ ಮೊದಲ ಮಾತು ಇದು.

“ನೀನೇ ಓಡ್ಸು.”

“ನನ್ನ ಕೈಲಾಗಲ್ಲ.”

“ಯಾಕಾಗಲ್ಲ? ನಿನಗೋಸ್ಕರ ತಾನೇ ಅಪ್ಪ ಅದನ್ನ ಮಾಡಿದ್ದು? ಫೋನ್ ಮಾಡ್ದಾಗೆಲ್ಲ ನಂಗೆ ಹೇಳ್ತಿದ್ರು. ನೀನು ಒಂದಿನಾನೂ ಅವ್ರ ಬಗ್ಗೆ ಒಳ್ಳೇ ಮಾತಾಡಿದ್ದು ನಾ ಕೇಳಿಲ್ಲ. ಇವತ್ತೂ ಒಂದು ಹನಿ ಕಣ್ಣೀರಿಲ್ಲ ನಿನಗೆ.”

ಅಂದು ಗಾಡಿಯಡಿಯಲ್ಲಿ ಮಲಗಿ ಅವನು ಮಗಳಿಗೆ ಏನು ಹೇಳಿ ನಕ್ಕಿದ್ದನೆಂದು ಶಿವಕ್ಕನಿಗೆ ಈಗ ಅರ್ಥವಾಯಿತು. ಬಾಯಿ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಈಗ ಏನು ಹೇಳಿದರೂ ಸತ್ತವನ ಮೇಲೆ ಹೆಂಡತಿ ಕಾರುವ ವಿಷ ಅಂತಲೇ ಆಗುತ್ತದೆ.

“ನೀನೇ ಓಡ್ಸು,” ಎಂದಳು ತಣ್ಣಗೆ. “ನಾನು ಪಕ್ಕದಲ್ಲಿ ಕೂರ್ತೀನಿ.”

ರಕ್ಷಾ ಕ್ಲಚ್ ಒತ್ತಿದಳು. ಅದು ಅರ್ಧಕ್ಕೇ ನಿಂತಿತು. ಅಡಿಯಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ ಎಂದು ಬಗ್ಗಿ ನೋಡಿದಳು. ಸೀಟು ಮುಂದಕ್ಕೆಳೆದು, ಸ್ಟೇರಿಂಗ್ ಹಿಡಿದು, ತೊಡೆಯ ಬಲವೆಲ್ಲ ಹಾಕಿ ಒತ್ತಿದಳು. ಗಾಡಿ ಒಮ್ಮೆ ಹಾರಿ ಆಫ್ ಆಯಿತು.

“ಇಳಿಯಮ್ಮಾ, ಗಂಡಸರು ಯಾರಾದ್ರೂ ತರ್ತಾರೆ,” ಎಂದ ಕಲ್ಮೇಶ್.

“ಬೇಡ ಚಿಕ್ಕಪ್ಪ.”

ಮಾಗಡಿ ರಸ್ತೆಗೆ ಬಿದ್ದ ಮೇಲೆ ಟೆಂಪೊ ಆಮೆಯಂತೆ ಸಾಗಿತು. ಒಂದನೇ ಗೇರು, ಎರಡನೇ ಗೇರು, ಮತ್ತೆ ಒಂದನೆಯದು. ಸುಂಕದಕಟ್ಟೆ ಹತ್ತಿರ ರಸ್ತೆ ಪೂರ್ತಿ ಕಟ್ಟಿಕೊಂಡಿತ್ತು. ರಕ್ಷಾಳ ಎಡಗಾಲು ನಡುಗುತ್ತಿರುವುದು ಶಿವಕ್ಕನಿಗೆ ಕಾಣುತ್ತಿತ್ತು. ಅವಳು ಕಿಟಕಿಯ ಕಡೆ ಮುಖ ತಿರುಗಿಸಲಿಲ್ಲ. ನೋಡುತ್ತಲೇ ಇದ್ದಳು.

“ಏನಿದು?” ಎಂದಳು ರಕ್ಷಾ ಕೊನೆಗೆ. “ಕಲ್ಲಿದ್ದಂಗಿದೆ.”

“ಸ್ಪ್ರಿಂಗ್ ತೆಗ್ದಿದಾರೆ. ದೊಡ್ಡ ಸಿಲಿಂಡರ್ ಹಾಕಿದಾರೆ.”

“ನಿನಗೆ ಹೆಂಗೆ ಗೊತ್ತು?”

“ಏರ್ ತೆಗಿಯೋವಾಗೆಲ್ಲ ಒತ್ತಿ ಹಿಡಿದೋಳು ನಾನೇ. ಅವ್ರು ಅಡೀಲಿ ಮಲಗಿ ನಿನ್ನ ಹತ್ರ ಫೋನಲ್ಲಿ ಮಾತಾಡ್ತಿದ್ರಲ್ಲ, ಆಗ್ಲೂ.”

ಟೆಂಪೊ ಒಂದಿಷ್ಟು ಮುಂದೆ ಹೋಯಿತು. ರಕ್ಷಾ ತುಟಿ ಕಚ್ಚಿ ಪೆಡಲ್ ತುಳಿದಳು.

“ಯಾಕೆ ಹೇಳ್ಲಿಲ್ಲ ನೀನು?”

“ಅಪ್ಪ ನಿನಗೆ ಎಷ್ಟೆಲ್ಲ ಮಾಡ್ತಾರೆ ಅಂತ ನೀನು ನನ್ನ ಬೈತಿದ್ದೆ. ಏನು ಮಾಡ್ತಾರೆ ಅಂತ ನೀನೂ ಹೇಳ್ಲಿಲ್ಲ. ನನಗೆ ಗೊತ್ತಾಗಿದ್ದು ಇವತ್ತು, ಆ ಹುಡುಗನ ಬಾಯಿಂದ.”

“ಮನೇಲೇ ಹೇಳ್ಬೋದಿತ್ತಲ್ಲ! ಬೇಕಂತಲೇ ನನ್ನ ಇಲ್ಲಿ ಕೂರಿಸ್ದೆ.”

“ಹೌದು.”

“ಇವತ್ತು? ಅಪ್ಪ ಅಲ್ಲಿ ಮುಂದೆ ಹೋಗ್ತಿರೋವಾಗ?”

“ಬಾಯಲ್ಲಿ ಹೇಳಿದ್ರೆ ನಂಬ್ತಿದ್ಯಾ?”

ಹಿಂದಿನ ಗಾಡಿಗಳು ಹಾರನ್ ಮಾಡಿದವು. ರಕ್ಷಾ ಗೇರು ಹಾಕಿದಳು. ಹೇರೋಹಳ್ಳಿ ದಾಟಿ ರುದ್ರಭೂಮಿಯ ಗೇಟು ಬಂತು. ಗಾಡಿ ನಿಲ್ಲಿಸಿದ ಮೇಲೆ ರಕ್ಷಾ ಇಳಿದು, ಕುಂಟುತ್ತ ಮುಂದೆ ಹೋದಳು. ತಾಯಿಗಾಗಿ ಕಾಯಲಿಲ್ಲ.

ಗುಂಡಿಯ ಸುತ್ತ ಜನ ಸೇರಿದ್ದರು. ಊರಿಂದ ಬಂದ ನೆಂಟರಿಗೆ ಕಲ್ಮೇಶ್ ಕ್ಲಚ್ಚಿನ ಕತೆ ಹೇಳುತ್ತಿದ್ದ. ಈಗ ಅದರಲ್ಲಿ ಅಣ್ಣ ನಿದ್ದೆಗೆಟ್ಟು ದುಡಿದದ್ದೂ ಸೇರಿಕೊಂಡಿತ್ತು. ದೇಹವನ್ನು ಒಳಗಿಳಿಸಿ, ಬಿಲ್ವಪತ್ರೆ ಸುರಿದು, ಸ್ವಾಮಿಗಳು ಮಂತ್ರ ಮುಗಿಸಿದರು. ಶಿವಕ್ಕ ಮೊದಲು ವಿಭೂತಿ ಹಾಕಿದಳು. ಕೈ ಕೊಡವಿಕೊಂಡು, ಯಾರ ಆಸರೆಯನ್ನೂ ಹಿಡಿಯದೆ ಹೊಂಗೆಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಹೋಗಿ ಕೂತಳು.

ರಕ್ಷಾ ತಟ್ಟೆಯಿಂದ ಮುಷ್ಟಿ ತುಂಬ ವಿಭೂತಿ ತೆಗೆದುಕೊಂಡು ಗುಂಡಿಯ ಅಂಚಿಗೆ ಹೋದಳು.

“ಹಾಕು ಮಗಳೇ,” ಎಂದ ಕಲ್ಮೇಶ್. “ನಿಮ್ಮಪ್ಪ ನಿಮ್ಮಮ್ಮನಿಗೆ ಏನೇನು ಮಾಡಿದ ಅಂತ ನಿನಗಿಂತ ಇನ್ಯಾರಿಗೆ ಗೊತ್ತು?”

ಅವಳು ಕೈ ಚಾಚಿದಳು. ಮುಷ್ಟಿ ಬಿಚ್ಚಲಿಲ್ಲ. “ಹಾಕಮ್ಮಾ, ಹಿಂದೆ ಜನ ಇದಾರೆ,” ಎಂದು ಯಾರೋ ಗೊಣಗಿದರು. ಕಲ್ಮೇಶ್ ಅವಳ ಮಣಿಕಟ್ಟು ಹಿಡಿಯಹೋದ. ರಕ್ಷಾ ಕೊಸರಿಕೊಂಡು ತಿರುಗಿದಳು. ಜನರ ನಡುವೆ ದಾರಿ ಮಾಡಿಕೊಂಡು, ಕುಂಟುತ್ತಲೇ, ಬಿಗಿದ ಮುಷ್ಟಿಯೊಂದಿಗೆ ಕಲ್ಲುಬೆಂಚಿನ ಕಡೆ ನಡೆದು ಬಂದಳು. ತಾಯಿಯ ಮುಖ ನೋಡದೆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು.

ಬೆರಳ ಸಂದಿಯಿಂದ ಸೋರಿದ ವಿಭೂತಿ, ಗುಂಡಿಯ ಅಂಚಿನಿಂದ ಅವಳ ಪಾದದವರೆಗೆ, ಕೆಂಪು ಮಣ್ಣಿನ ಮೇಲೆ ಸೊಟ್ಟಗೆ ಬೆಳ್ಳನೆಯ ಗೆರೆ ಎಳೆದಿತ್ತು.